ಗಾಯವಿಲ್ಲದ ಉಂಗುರಗಳು: ಮರದ ಕಾಂಡದಲ್ಲಿ ಕಾಡುಗಿಚ್ಚಿನ ಚರಿತ್ರೆ

ಅಮೆರಿಕದ ನೈಋತ್ಯ ಭಾಗದ ಆರಿಜೋನಾ ಮತ್ತು ನ್ಯೂ ಮೆಕ್ಸಿಕೊ ರಾಜ್ಯಗಳ ಬೆಟ್ಟಗಾಡುಗಳಲ್ಲಿ ಬೆಳೆಯುವ ಪಾಂಡೆರೋಸಾ ಪೈನ್ ಮರಗಳ ಬುಡದಲ್ಲಿ ಉಳಿದಿರುವ ಸುಟ್ಟ ಗಾಯಗಳನ್ನು ಆಧರಿಸಿ, ಕಳೆದ ಮೂರು ನಾಲ್ಕು ಶತಮಾನಗಳಲ್ಲಿ ಆ ಕಾಡುಗಳಲ್ಲಿ ಯಾವ ಯಾವ ವರ್ಷ ಬೆಂಕಿ ಹಬ್ಬಿತ್ತು ಎಂಬುದನ್ನು ವಿದ್ವಾಂಸರು ಕರಾರುವಾಕ್ಕಾಗಿ ಗುರುತಿಸಿದ್ದಾರೆ. ಈ ಅಧ್ಯಯನಗಳನ್ನು ಪರಿಚಯಿಸುವವರ ಗಮನ ಸಹಜವಾಗಿಯೇ ಗಾಯಗಳ ಎಣಿಕೆಯ ಕಡೆಗೆ ಹರಿಯುತ್ತದೆ. ಆದರೆ ಈ ದಾಖಲೆಯಲ್ಲಿ ಚರಿತ್ರೆಗೆ ಹೆಚ್ಚು ಮಹತ್ವದ್ದಾಗಿರುವುದು ಗಾಯಗಳು ನಿಂತುಹೋದ ಮೇಲಿನ, ಅಂದರೆ ಬಹುಪಾಲು ಕಡೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಈಚೆಗಿನ, ಏನೂ ಬರೆಯದೆ ಬಿಟ್ಟ ಉಂಗುರಗಳ ಸಾಲು ಎಂಬುದು ಪ್ರಸ್ತುತ ಲೇಖನದ ವಾದ. ಗಾಯವಿಲ್ಲ ಎಂಬುದನ್ನು ಬೆಂಕಿಯಿರಲಿಲ್ಲ ಎಂದು ಓದಬಹುದೇ, ಓದಬಹುದಾದರೆ ಯಾವ ಷರತ್ತುಗಳ ಮೇಲೆ ಎಂಬ ಪ್ರಶ್ನೆಗೆ ಉತ್ತರ ದೊರೆಯುವವರೆಗೆ ಆ ಮೌನಕ್ಕೆ ಸಾಕ್ಷ್ಯದ ಬೆಲೆ ಬರುವುದಿಲ್ಲ. ಆದ್ದರಿಂದ ಗಾಯ ಹೇಗೆ ಆಗುತ್ತದೆ ಎಂಬಲ್ಲಿಂದಲೇ ಆರಂಭಿಸಬೇಕಾಗುತ್ತದೆ.

ಸಮಶೀತೋಷ್ಣ ವಲಯದ ಮರವು ಪ್ರತಿವರ್ಷ ತೊಗಟೆಯ ಒಳಗಿನ ಕೇಂಬಿಯಂ ಎಂಬ ತೆಳುವಾದ ವರ್ಧನ ಪದರದಿಂದ ಒಂದು ಸುತ್ತು ಹೊಸ ದಾರುವನ್ನು ಕಟ್ಟುತ್ತದೆ. ಬೆಳವಣಿಗೆಯ ಋತುವಿನ ಆರಂಭದಲ್ಲಿ ಅಗಲವಾದ ಕೋಶಗಳ ತಿಳಿಬಣ್ಣದ ದಾರು, ಕೊನೆಯಲ್ಲಿ ದಪ್ಪಗೋಡೆಯ ಕೋಶಗಳ ಗಾಢಬಣ್ಣದ ದಾರು, ಇವೆರಡೂ ಸೇರಿ ಒಂದು ವಾರ್ಷಿಕ ಉಂಗುರವಾಗುತ್ತದೆ. ಕೇಂಬಿಯಂ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಸಾಯುತ್ತದೆ. ನೆಲದ ಮೇಲಿನ ಹುಲ್ಲು ಮತ್ತು ಒಣಗಿದ ಸೂಜಿಯೆಲೆಗಳನ್ನು ಸುಡುತ್ತ ಸಾಗುವ ತಗ್ಗು ಬೆಂಕಿ ದಪ್ಪ ತೊಗಟೆಯ ಪ್ರೌಢ ಪೈನ್ ಮರವನ್ನು ಕೊಲ್ಲಲಾರದು. ಆದರೆ ಬೆಂಕಿ ಕಾಂಡವನ್ನು ದಾಟುವಾಗ ಗಾಳಿಯ ಮರೆಯ ಬದಿಯಲ್ಲಿ ಸುಳಿಯೆದ್ದು ಜ್ವಾಲೆ ಅಲ್ಲಿಯೇ ಕೆಲಹೊತ್ತು ನಿಲ್ಲುತ್ತದೆ, ಇಳಿಜಾರಿನಲ್ಲಿ ಬೆಳೆದ ಮರವಾದರೆ ಅದರ ಏರುಬದಿಯ ಬುಡದಲ್ಲಿ ಮೇಲಿನಿಂದ ಜಾರಿಬಂದ ತರಗು ರಾಶಿಯಾಗಿಯೂ ಇರುತ್ತದೆ. ಹೀಗಾಗಿ ಏರುಬದಿಯ ಬುಡದಲ್ಲಿಯೇ ಕೇಂಬಿಯಂ ಸತ್ತು, ನೆಲದಿಂದ ಮೇಲಕ್ಕೆ ಕಿರಿದಾಗುತ್ತ ಹೋಗುವ ತ್ರಿಕೋನಾಕಾರದ ಗಾಯ ಉಳಿಯುತ್ತದೆ. ಮುಂದಿನ ವರ್ಷಗಳಲ್ಲಿ ಗಾಯದ ಎರಡೂ ಅಂಚುಗಳಿಂದ ಹೊಸ ದಾರು ಸುರುಳಿಯಾಗಿ ಒಳಕ್ಕೆ ಬೆಳೆದು ಅದನ್ನು ಮುಚ್ಚಲು ತೊಡಗುತ್ತದೆ. ಅದು ಮುಚ್ಚುವ ಮೊದಲೇ ಇನ್ನೊಂದು ಬೆಂಕಿ ಬಂದರೆ, ರಾಳ ಒಸರಿ ತೊಗಟೆ ತೆಳುವಾಗಿರುವ ಅದೇ ಅಂಚು ಸುಲಭವಾಗಿ ಮತ್ತೆ ಸುಡುತ್ತದೆ. ಒಮ್ಮೆ ಗಾಯಗೊಂಡ ಮರ ಮುಂದಿನ ಬೆಂಕಿಗಳನ್ನು ದಾಖಲಿಸಲು ಹೆಚ್ಚು ಯೋಗ್ಯವಾಗುವುದು ಈ ಕಾರಣದಿಂದಲೇ. ಇಂಥ ಮರವನ್ನು ದಾಖಲೆ ಮರ ಎಂದು ಕರೆಯಬಹುದು. ಒಂದೇ ಕಾಂಡದಲ್ಲಿ ಇಪ್ಪತ್ತಕ್ಕೂ ಹೆಚ್ಚು ಗಾಯಗಳು ಒಂದರ ಹಿಂದೆ ಒಂದು ಮಡಿಕೆಗಳಾಗಿ ಕಾಣಸಿಗುವುದುಂಟು.

ಗಾಯ ಯಾವ ಉಂಗುರದಲ್ಲಿದೆ ಎಂದು ತಿಳಿಯಲು ಉಂಗುರಗಳನ್ನು ಹೊರಗಿನಿಂದ ಒಳಕ್ಕೆ ಎಣಿಸಿದರೆ ಸಾಲದು. ತೀವ್ರ ಬರಗಾಲದ ವರ್ಷ ಮರವು ಬುಡದಲ್ಲಿ ಉಂಗುರವನ್ನೇ ಕಟ್ಟದಿರಬಹುದು. ಬೇಸಿಗೆಯ ಒಣ ಹವೆ ಮತ್ತು ಅನಂತರದ ಮಳೆಯ ನಡುವೆ ಸಿಕ್ಕಿಕೊಂಡ ವರ್ಷ ಒಂದೇ ಉಂಗುರ ಎರಡರಂತೆ ತೋರಬಹುದು. ಆರಿಜೋನಾ ವಿಶ್ವವಿದ್ಯಾನಿಲಯದ ಖಗೋಳಜ್ಞ ಎ. ಇ. ಡಗ್ಲಸ್ ಇದಕ್ಕೆ ಪರಿಹಾರವಾಗಿ ರೂಢಿಗೆ ತಂದ ವಿಧಾನ, ಒಂದೇ ಪ್ರದೇಶದ ಅನೇಕ ಮರಗಳಲ್ಲಿ ಅಗಲ ಮತ್ತು ಕಿರಿದು ಉಂಗುರಗಳು ಬರುವ ಅನುಕ್ರಮವನ್ನು ಪರಸ್ಪರ ತಾಳೆ ನೋಡಿ ಪ್ರತಿ ಉಂಗುರಕ್ಕೂ ಇಸವಿಯನ್ನು ನಿಗದಿಪಡಿಸುವುದು. ಸೂರ್ಯನ ಕಲೆಗಳ ಆವರ್ತನೆಯನ್ನು ಮರಗಳಲ್ಲಿ ಹುಡುಕಲು ಹೊರಟ ಆತ 1937ರಲ್ಲಿ ಟೂಸಾನ್ ನಗರದಲ್ಲಿ ವೃಕ್ಷ ಉಂಗುರಗಳ ಅಧ್ಯಯನಕ್ಕೆಂದೇ ಪ್ರಯೋಗಾಲಯವೊಂದನ್ನು ಸ್ಥಾಪಿಸಿದನು. ಸೂರ್ಯನ ಕಲೆಗಳ ಪ್ರಶ್ನೆ ಹಿಂದೆ ಸರಿಯಿತು, ವಿಧಾನ ಮಾತ್ರ ಉಳಿಯಿತು. ಕಾಡುಗಿಚ್ಚಿನ ಅಧ್ಯಯನದಲ್ಲಿ ಈ ತಾಳೆ ಅನಿವಾರ್ಯ. ಎರಡು ಮರಗಳ ಎಣಿಕೆಯಲ್ಲಿ ಒಂದೇ ವರ್ಷದ ವ್ಯತ್ಯಾಸ ಬಂದರೂ ಒಂದೇ ಬೆಂಕಿ ಎರಡು ಬೆಂಕಿಗಳಾಗಿ ಲೆಕ್ಕಕ್ಕೆ ಸೇರಿ ಆವರ್ತನೆ ಹಿಗ್ಗುತ್ತದೆ, ಹವಾಮಾನದೊಡನೆ ಹೋಲಿಸುವ ದಾರಿಯೂ ಮುಚ್ಚುತ್ತದೆ.

ಮಾದರಿಯನ್ನು ಪಡೆಯಲು ಯಂತ್ರಗರಗಸದಿಂದ ಗಾಯದ ಒಂದು ಅಂಚಿನಲ್ಲಿ ಬೆಣೆಯಾಕಾರದ ತುಂಡನ್ನು ಮಾತ್ರ ತೆಗೆಯುತ್ತಾರೆ, ಮರ ಬದುಕಿಯೇ ಇರುತ್ತದೆ. ಸತ್ತ ಮರ, ಕಡಿದ ಮೋಟು, ಉರುಳಿಬಿದ್ದ ದಿಮ್ಮಿಗಳಿಂದಲೂ ಮಾದರಿ ದೊರೆಯುತ್ತದೆ. ತುಂಡಿನ ಮೇಲ್ಮೈಯನ್ನು ಒರಟಿನಿಂದ ನಯಕ್ಕೆ ಹೋಗುವ ಉಪ್ಪು ಕಾಗದಗಳಿಂದ ಒಂದೊಂದು ಕೋಶವೂ ಸೂಕ್ಷ್ಮದರ್ಶಕದಲ್ಲಿ ಬಿಡಿಬಿಡಿಯಾಗಿ ತೋರುವವರೆಗೆ ಉಜ್ಜಿದಾಗ, ಬೆಂಕಿಯ ವರ್ಷವಷ್ಟೇ ಅಲ್ಲದೆ ಋತುವೂ ತಿಳಿಯುತ್ತದೆ. ಗಾಯ ತಿಳಿಬಣ್ಣದ ದಾರುವಿನ ಮೊದಲ ಭಾಗದಲ್ಲಿದ್ದರೆ ಬೆಂಕಿ ಬೆಳವಣಿಗೆ ಆರಂಭವಾದ ಹೊಸತರಲ್ಲಿ, ಗಾಢ ದಾರುವಿನಲ್ಲಿದ್ದರೆ ಬೇಸಿಗೆಯ ಕೊನೆಯಲ್ಲಿ ಬಂದಿರಬೇಕು. ಗಾಯವು ಎರಡು ಉಂಗುರಗಳ ನಡುವಿನ ಗೆರೆಯ ಮೇಲೆಯೇ ಬಿದ್ದಿರುವಾಗ ತೊಡಕು ಎದುರಾಗುತ್ತದೆ. ಮರ ನಿದ್ರಿಸುತ್ತಿದ್ದ ಕಾಲದ ಆ ಬೆಂಕಿ ಹಿಂದಿನ ವರ್ಷದ ಶರತ್ಕಾಲದ್ದೂ ಆಗಿರಬಹುದು, ಮುಂದಿನ ವರ್ಷದ ವಸಂತದ್ದೂ ಆಗಿರಬಹುದು. ನೈಋತ್ಯದಲ್ಲಿ ಬೆಂಕಿ ಮಳೆಗಾಲಕ್ಕೆ ಮುಂಚಿನ ಒಣ ತಿಂಗಳುಗಳಲ್ಲಿ ಹೆಚ್ಚಾಗಿರುವುದರಿಂದ ಅದನ್ನು ಮುಂದಿನ ವರ್ಷಕ್ಕೆ ಸೇರಿಸುವ ರೂಢಿಯಿದೆ. ಅಂದರೆ ಪ್ರಕಟವಾದ ಇಸವಿಗಳಲ್ಲಿ ಕೆಲವು ಮರ ಹೇಳಿದವು, ಕೆಲವು ವಿದ್ವಾಂಸನ ತೀರ್ಮಾನದಿಂದ ಬಂದವು. ಋತುವಿನ ಆಧಾರದ ಮೇಲೆ ಸಿಡಿಲಿನ ಬೆಂಕಿ ಯಾವುದು, ಮನುಷ್ಯ ಹಚ್ಚಿದ್ದು ಯಾವುದು ಎಂದು ವಿಂಗಡಿಸುವಾಗ ಈ ಭೇದ ಮರೆತುಹೋಗುವುದೇ ಹೆಚ್ಚು.

ಮೌನದ ಪ್ರಶ್ನೆಗೆ ಬಂದರೆ, ಒಂದು ಮರದಲ್ಲಿ ಗಾಯವಿಲ್ಲ ಎಂಬುದರಿಂದ ಏನೂ ಸಿದ್ಧವಾಗದು: ಬೆಂಕಿ ಅದರ ಸುತ್ತ ಹರಿದು ತೊಗಟೆಯನ್ನು ಮಾತ್ರ ಕಪ್ಪಾಗಿಸಿ ಹೋಗಿರಬಹುದು, ಅಥವಾ ಮುಂದಿನ ಬೆಂಕಿ ಹಿಂದಿನ ಗಾಯವನ್ನೇ ಸುಟ್ಟು ಅಳಿಸಿರಬಹುದು. ಆದ್ದರಿಂದ ಒಂದು ತಾಣದ ಅನೇಕ ಮರಗಳ ಇಸವಿಗಳನ್ನು ಸೇರಿಸಿ ಸಂಯುಕ್ತ ದಾಖಲೆಯೊಂದನ್ನು ಸಿದ್ಧಪಡಿಸುತ್ತಾರೆ. ಬೆಂಕಿ ಎಷ್ಟು ವಿಸ್ತಾರವಾಗಿತ್ತು ಎಂದು ಅಂದಾಜಿಸಲು, ದಾಖಲೆ ಮರಗಳಲ್ಲಿ ಉದಾಹರಣೆಗೆ ಶೇಕಡಾ 25ರಷ್ಟಾದರೂ ಗಾಯಗೊಂಡ ವರ್ಷಗಳನ್ನು ಬೇರ್ಪಡಿಸುತ್ತಾರೆ. 2001ರಲ್ಲಿ ಬೇಕರ್ ಮತ್ತು ಎಹ್ಲೆ ಈ ಪದ್ಧತಿಯನ್ನು ಕಟುವಾಗಿ ಪ್ರಶ್ನಿಸಿದರು: ಗಾಯಗಳು ಹೆಚ್ಚಿರುವ ಮರಗಳನ್ನೇ ಆರಿಸಿಕೊಂಡು, ಅವುಗಳ ಇಸವಿಗಳನ್ನೆಲ್ಲ ಕೂಡಿಸಿದರೆ ಬೆಂಕಿಗಳ ನಡುವಿನ ಅಂತರ ವಾಸ್ತವಕ್ಕಿಂತ ಕಿರಿದಾಗಿ ತೋರುವುದು ಖಂಡಿತ ಎಂಬುದು ಅವರ ಆಕ್ಷೇಪದ ತಿರುಳು. ಆಕ್ಷೇಪ ತರ್ಕಬದ್ಧವಾಗಿದ್ದುದರಿಂದಲೇ ಅದನ್ನು ತರ್ಕದಿಂದ ಬಗೆಹರಿಸುವಂತಿರಲಿಲ್ಲ, ಪರೀಕ್ಷೆ ಬೇಕಾಯಿತು. ದಕ್ಷಿಣ ಆರಿಜೋನಾದ ಸಾಗ್ವಾರೊ ರಾಷ್ಟ್ರೀಯ ಉದ್ಯಾನದ ರಿಂಕಾನ್ ಬೆಟ್ಟಗಳಲ್ಲಿ ಇಪ್ಪತ್ತನೆಯ ಶತಮಾನದ ಬೆಂಕಿಗಳ ನಕ್ಷೆಗಳು ಉದ್ಯಾನದ ಕಡತಗಳಲ್ಲಿದ್ದವು. ಫ್ಯಾರಿಸ್ ಮತ್ತು ಸಂಗಡಿಗರು ಮರಗಳಿಂದ ಸ್ವತಂತ್ರವಾಗಿ ಪಡೆದ ಇಸವಿಗಳನ್ನು ಆ ನಕ್ಷೆಗಳೊಡನೆ ತಾಳೆ ನೋಡಿ 2010ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ದೊಡ್ಡ ಬೆಂಕಿಗಳನ್ನು ಮರಗಳು ನಂಬಿಕೆಗೆ ಅರ್ಹವಾಗಿ ದಾಖಲಿಸಿವೆ, ತಪ್ಪಿಸಿಕೊಳ್ಳುವುದು ಮುಖ್ಯವಾಗಿ ಸಣ್ಣವು. ಹಾಗಾದರೆ ಒಂದು ಬೆಟ್ಟಸಾಲಿನ ಹತ್ತಾರು ದಾಖಲೆ ಮರಗಳು ತೆರೆದ ಗಾಯಗಳೊಡನೆ ನಿಂತಿದ್ದೂ ದಶಕಗಳ ಕಾಲ ಒಂದು ಗಾಯವನ್ನೂ ತೋರದಿದ್ದರೆ, ಅಲ್ಲಿ ವ್ಯಾಪಕವಾದ ಬೆಂಕಿ ಹರಿಯಲಿಲ್ಲವೆಂದು ಹೇಳಲು ಅಡ್ಡಿಯಿಲ್ಲ. ಮರಗಳನ್ನು ಪೂರ್ತಿ ಕೊಂದುಹಾಕುವ ಬೆಂಕಿಗೆ ಈ ವಿಧಾನ ನಡೆಯದು. ಅಲ್ಲಿ ಅನಂತರ ಒಟ್ಟಿಗೆ ಹುಟ್ಟಿದ ಮರಗಳ ವಯಸ್ಸನ್ನೇ ಆಧರಿಸಬೇಕಾಗುತ್ತದೆ.

ಮೌನಕ್ಕೆ ಮುಂಚಿನ ಕಾಲದ ಚಿತ್ರ ಸ್ಪಷ್ಟವಾಗಿದೆ. ಥಾಮಸ್ ಸ್ವೆಟ್ನಮ್ ಮತ್ತು ಜೂಲಿಯೊ ಬೆಟಾನ್‌ಕೂರ್ 1990ರಲ್ಲಿ ತೋರಿಸಿದಂತೆ, ನೈಋತ್ಯದ ಬೆಂಕಿಯ ಏರಿಳಿತಕ್ಕೂ ಪೆಸಿಫಿಕ್ ಸಾಗರದ ಎಲ್ ನಿನೊ ಮತ್ತು ಲಾ ನಿನಾ ಆವರ್ತನೆಗೂ ನಂಟಿದೆ: ಎಲ್ ನಿನೊ ವರ್ಷಗಳ ಮಳೆಗೆ ಹುಲ್ಲು ಹುಲುಸಾಗಿ ಬೆಳೆದು, ಹಿಂದೆಯೇ ಬರುವ ಒಣ ವರ್ಷದಲ್ಲಿ ಅದೇ ಬೆಂಕಿಗೆ ಆಹಾರವಾಗುತ್ತದೆ. ದೂರದೂರದ ಬೆಟ್ಟಸಾಲುಗಳ ಮರಗಳು ಒಟ್ಟಿಗೆ ಗಾಯಗೊಂಡಿರುವ 1748ನೆಯ ಇಸವಿ ಇದಕ್ಕೆ ಮಾದರಿ. ಅದರ ಹಿಂದಿನ 1747 ಮಳೆ ಸಮೃದ್ಧವಾಗಿದ್ದ ವರ್ಷ. ಬರವೊಂದೇ ಇದ್ದರೆ ಪಾಂಡೆರೋಸಾ ಕಾಡಿನಲ್ಲಿ ಬೆಂಕಿ ಹಬ್ಬುವುದಿಲ್ಲ, ಹಬ್ಬಲು ನೆಲದ ಮೇಲೆ ಕಡಿಯದ ಹುಲ್ಲಿನ ಹಾಸು ಬೇಕು ಎಂಬ ಈ ತಿಳಿವಳಿಕೆಯೇ ಮುಂದಿನ ಮೌನವನ್ನು ಅರ್ಥೈಸಲು ಕೀಲಿಕೈ.

1880ರ ದಶಕದಲ್ಲಿ ರೈಲುಮಾರ್ಗ ಆ ಪ್ರದೇಶವನ್ನು ಮುಟ್ಟಿತು. ಉಣ್ಣೆ ಮತ್ತು ಮಾಂಸಕ್ಕೆ ದೂರದ ಮಾರುಕಟ್ಟೆ ದೊರೆತೊಡನೆ ಕುರಿ ದನಗಳ ದೊಡ್ಡ ಹಿಂಡುಗಳು ಬೆಟ್ಟ ಹತ್ತಿದವು, ಹುಲ್ಲಿನ ಹಾಸು ಸವೆಯಿತು, ಬೆಂಕಿ ಹರಿಯುವ ದಾರಿ ತುಂಡಾಯಿತು. ಸರ್ಕಾರಿ ಅರಣ್ಯ ಸೇವೆ ಹುಟ್ಟಿದ್ದು 1905ರಲ್ಲಿ, ಬೆಂಕಿಯನ್ನು ವ್ಯವಸ್ಥಿತವಾಗಿ ನಂದಿಸುವ ನೀತಿ ಬಲಗೊಂಡದ್ದು 1910ರ ಮಹಾಬೆಂಕಿಯ ಅನಂತರ. ಅಂದರೆ ಬಹಳಷ್ಟು ತಾಣಗಳಲ್ಲಿ ಅರಣ್ಯ ಇಲಾಖೆಗಿಂತ ಮೊದಲೇ ಕುರಿಗಳು ಬೆಂಕಿ ನಂದಿಸಿದ್ದವು. ಆಲ್ಡೊ ಲಿಯೋಪೋಲ್ಡ್ 1924ರಷ್ಟು ಹಿಂದೆಯೇ ದಕ್ಷಿಣ ಆರಿಜೋನಾದ ಜುನಿಪರ್ ಮರಗಳ ಹಳೆಯ ಗಾಯಗಳನ್ನು ನೋಡಿ ಇದನ್ನು ಊಹಿಸಿದ್ದನು. ಹವಾಮಾನವೇ ಬದಲಾಗಿ ಬೆಂಕಿ ನಿಂತಿರಬಾರದೇಕೆ ಎಂಬ ಪ್ರಶ್ನೆಗೆ ಎರಡು ತಾಣಗಳು ಉತ್ತರ ಹೇಳುತ್ತವೆ. ನವಾಹೊ ಜನರ ಚೂಸ್ಕಾ ಬೆಟ್ಟಗಳಲ್ಲಿ ಗಾಯಗಳು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿಯೇ, ರೈಲು ಬರುವ ದಶಕಗಳ ಮೊದಲೇ ವಿರಳವಾದವು. ಆ ಜನ ಆ ಹೊತ್ತಿಗೆ ದೊಡ್ಡ ಪ್ರಮಾಣದಲ್ಲಿ ಕುರಿ ಸಾಕುತ್ತಿದ್ದರು. ಗಡಿಯಾಚೆ, ಉತ್ತರ ಮೆಕ್ಸಿಕೊದ ಬೆಟ್ಟಗಳಲ್ಲಿ, ಅದೇ ಬಗೆಯ ಕಾಡಿನ ಹಲವು ತಾಣಗಳಲ್ಲಿ ಬೆಂಕಿ ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಹಿಂದಿನಂತೆಯೇ ಮುಂದುವರಿಯಿತು. ಹವಾಮಾನವನ್ನು ಕಾರಣವೆನ್ನುವುದಾದರೆ ಅದು ರಾಷ್ಟ್ರಗಳ ಗಡಿಯನ್ನೂ ಕುರಿಗಾಹಿಗಳ ವಲಸೆಯನ್ನೂ ಅನುಸರಿಸಿತೆಂದು ಒಪ್ಪಬೇಕಾಗುತ್ತದೆ.

ನ್ಯೂ ಮೆಕ್ಸಿಕೊದ ಹೇಮೆಸ್ ಬೆಟ್ಟಗಳ ದಾಖಲೆ ಇನ್ನೂ ಸಂಕೀರ್ಣವಾದುದು. ಅಲ್ಲಿನ ದೊಡ್ಡ ಮೂಲನಿವಾಸಿ ಗ್ರಾಮಗಳ ಜನಸಂಖ್ಯೆ, ಸ್ಪೇನ್ ದೇಶದ ಪಾದ್ರಿಗಳು ನೆಲೆಯೂರಿದ 1620ರ ದಶಕದಿಂದ 1680ರ ಹೊತ್ತಿಗೆ ಶೇಕಡಾ 87ರಷ್ಟು ಕುಸಿಯಿತೆಂದು ಪುರಾತತ್ವಜ್ಞರು ಲೆಕ್ಕಹಾಕಿದ್ದಾರೆ. ಉರುವಲಿಗೂ ಮನೆಗೂ ಹೊಲಕ್ಕೂ ಕಾಡನ್ನು ನಿರಂತರ ಬಳಸಿ, ಅಲ್ಲಲ್ಲಿ ಸಣ್ಣ ಬೆಂಕಿ ಹಚ್ಚುತ್ತಿದ್ದ ಜನ ಇದ್ದ ಕಾಲದಲ್ಲಿ ಗ್ರಾಮಗಳ ಸುತ್ತ ವ್ಯಾಪಕವಾದ ಬೆಂಕಿಗಳು ವಿರಳ. ಅವರು ಇಲ್ಲವಾದ ಮೇಲೆ ಅವು ಹೆಚ್ಚುತ್ತವೆ. ಹೀಗೆ ಒಂದೇ ಬೆಟ್ಟದಲ್ಲಿ ಎರಡು ಬಗೆಯ ಮೌನಗಳಿವೆ, ಎರಡೂ ಉಂಗುರದಲ್ಲಿ ಮೇಲ್ನೋಟಕ್ಕೆ ಒಂದೇ ಬಗೆಯಾಗಿ ತೋರುತ್ತವೆ: ಮೊದಲನೆಯದು ಬೆಂಕಿಯೊಡನೆ ಬದುಕಿದವರದು, ಎರಡನೆಯದು ಬೆಂಕಿಯನ್ನು ಹೊರಗಿಟ್ಟವರದು. ಮೊದಲನೆಯದರ ಹಿಂದೆ ಸಣ್ಣ ಬೆಂಕಿಗಳಿದ್ದವೆಂದು ತಿಳಿಯುವುದು ಪುರಾತತ್ವದ ನೆರವಿನಿಂದ ಮತ್ತು ಹತ್ತಿರ ಹತ್ತಿರದ ಮರಗಳಲ್ಲಿ ಬೇರೆ ಬೇರೆ ವರ್ಷ ಬಿದ್ದ ಚದುರಿದ ಗಾಯಗಳಿಂದ; ಉಂಗುರಗಳನ್ನು ಮಾತ್ರ ನೋಡುತ್ತ ಕೂತವನಿಗೆ ಈ ಭೇದ ಹೊಳೆಯುವುದು ಕಷ್ಟ.

ಎರಡನೆಯ ಮೌನದ ಅವಧಿಯಲ್ಲಿ ನೆಲದಲ್ಲಿ ಎಳೆಯ ಮರಗಳು ಒತ್ತೊತ್ತಾಗಿ ಬೆಳೆದು, ಬೆಂಕಿಗೆ ಹುಲ್ಲಿನಿಂದ ಮರದ ತಲೆಯವರೆಗೆ ಏಣಿ ಸಿದ್ಧವಾಯಿತು. 2011ರ ಜೂನ್ 26ರಂದು ವಿದ್ಯುತ್ ತಂತಿಯ ಮೇಲೆ ಮರವೊಂದು ಉರುಳಿದ್ದರಿಂದ ಹೇಮೆಸ್ ಬೆಟ್ಟಗಳಲ್ಲಿ ಹತ್ತಿದ ಲಾಸ್ ಕಾಂಚಸ್ ಬೆಂಕಿ ಒಂದು ಹಗಲು ರಾತ್ರಿಯೊಳಗೆ ಸುಮಾರು 43,000 ಎಕರೆಯನ್ನೂ, ನಂದುವ ಹೊತ್ತಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಎಕರೆಯನ್ನೂ ಸುಟ್ಟಿತು. ವಿಶಾಲ ಹರಹುಗಳಲ್ಲಿ ಪೈನ್ ಮರಗಳು ಪೂರ್ತಿ ಸತ್ತವು. ಇಂಥ ಬೆಂಕಿಯಲ್ಲಿ ಹಳೆಯ ಮೋಟುಗಳೂ ದಿಮ್ಮಿಗಳೂ ಬೂದಿಯಾಗುವುದರಿಂದ ಸಾಕ್ಷ್ಯವೇ ನಷ್ಟವಾಗುತ್ತದೆ. 2022ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಬೆಂಕಿಗಾಯಗಳ ಸಂಕಲನವು 2,562 ತಾಣಗಳ 37,207 ಮರಗಳ ದಾಖಲೆಯನ್ನು ಒಂದೆಡೆ ತಂದಿರುವುದಕ್ಕೆ ಈ ಹಿನ್ನೆಲೆಯಲ್ಲಿ ವಿಶೇಷ ಬೆಲೆಯಿದೆ.

ಕರ್ನಾಟಕದ ಬಿಳಿಗಿರಿರಂಗನ ಬೆಟ್ಟದಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿದೆ. ಬೇಸಿಗೆ ಬಲಿಯುವ ಮುನ್ನ ಸೋಲಿಗರು ಹಚ್ಚುತ್ತಿದ್ದ ತರಗು ಬೆಂಕಿ ನೆಲದ ಒಣಎಲೆಗಳನ್ನಷ್ಟೇ ಸುಟ್ಟು ಆರುತ್ತಿತ್ತು. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಗಿ, ಬೆಂಕಿ ಹಚ್ಚುವುದು ನಿಷಿದ್ಧವಾದ ಮೇಲೆ ಲಂಟಾನ ಹಬ್ಬಿತು, ನೆಲ್ಲಿಮರಗಳಲ್ಲಿ ಉಪ್ಪಿಲು ಎಂಬ ಬದನಿಕೆ ಹೆಚ್ಚಿತು ಎಂಬುದು ಸೋಲಿಗರ ಹೇಳಿಕೆ. ಈ ಹೇಳಿಕೆಯನ್ನು ಮರಗಳಿಂದ ಪರೀಕ್ಷಿಸುವುದು ಸುಲಭವಲ್ಲ. ತೇಗದಲ್ಲಿ ಸ್ಪಷ್ಟವಾದ ವಾರ್ಷಿಕ ಉಂಗುರಗಳಿವೆ. ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯ ವಿದ್ವಾಂಸರು ಕೇರಳದ ತೇಗದಿಂದ 523 ವರ್ಷಗಳ ಉಂಗುರ ಸರಣಿಯನ್ನು ಕಟ್ಟಿ ಮುಂಗಾರಿನ ಬರಗಳನ್ನು ಗುರುತಿಸಿದ್ದಾರೆ. ಆದರೆ ಎಲೆಯುದುರುವ ಕಾಡಿನ ಅಗಲ ಎಲೆಯ ಮರಗಳಲ್ಲಿ ಗಾಯವನ್ನು ಕೊಳೆಯದಂತೆ ಕಾಯುವ ಪೈನ್ ರಾಳವಿಲ್ಲ. ತೆರೆದ ದಾರುವಿಗೆ ಮಳೆಗಾಲದಲ್ಲಿ ಶಿಲೀಂಧ್ರವೂ ಗೆದ್ದಲೂ ಹತ್ತುತ್ತವೆ, ಕೊಡಲಿಯ ಪೆಟ್ಟು ಮತ್ತು ಆನೆ ತೊಗಟೆ ಸುಲಿದ ಗುರುತು ಬೆಂಕಿಯ ಗಾಯದೊಡನೆ ಬೆರೆಯುತ್ತವೆ. ಮೇಲಾಗಿ ತರಗು ಬೆಂಕಿಯಷ್ಟು ಮಂದವಾದ ಬೆಂಕಿ ಗಾಯ ಮಾಡದೆ ಹೋಗುವ ಸಂಭವವೇ ಹೆಚ್ಚಾದ್ದರಿಂದ, ಇಲ್ಲಿನ ಗಾಯವಿಲ್ಲದ ಉಂಗುರವನ್ನು ಆರಿಜೋನಾದ ಉಂಗುರದಂತೆ ಓದುವುದು ದುಡುಕಾಗುತ್ತದೆ.

ಭಾರತದಲ್ಲಿ ಈ ವಿಧಾನಕ್ಕೆ ಹೆಚ್ಚು ಒಗ್ಗುವ ಮರ ಹಿಮಾಲಯದ ಅಡಿಬೆಟ್ಟಗಳ ಚಿರ್ ಪೈನ್. 2011ರಲ್ಲಿ ಬ್ರೌನ್, ಭಟ್ಟಾಚಾರ್ಯ ಮತ್ತು ಶಾ ಅದರ ಬೆಂಕಿಗಾಯಗಳ ಸಾಧ್ಯತೆಯನ್ನು ಪರಿಶೀಲಿಸಿ ಬರೆದಿದ್ದಾರೆ. ಅಲ್ಲಿ ಪರೀಕ್ಷೆಗೆ ಒದಗುವ ಇಸವಿಯೊಂದು ಲಿಖಿತ ಚರಿತ್ರೆಯಲ್ಲಿಯೇ ಇದೆ. ಬ್ರಿಟಿಷರ ಅರಣ್ಯ ಕಾನೂನು ಮತ್ತು ಬಿಟ್ಟಿ ದುಡಿಮೆಯ ವಿರುದ್ಧ ಎದ್ದ ಕುಮಾವೂನಿನ ರೈತರು 1921ರಲ್ಲಿ ಸರ್ಕಾರದ ಚಿರ್ ಕಾಡುಗಳಿಗೆ ವ್ಯಾಪಕವಾಗಿ ಬೆಂಕಿಯಿಟ್ಟರು. ಆ ವರ್ಷದ ಉಂಗುರದಲ್ಲಿ ಗಾಯವಿರುವ ಮರಗಳ ಹಂಚಿಕೆಯನ್ನು ಅಂದಿನ ಅರಣ್ಯ ಇಲಾಖೆಯ ವರದಿಗಳೊಡನೆ ತಾಳೆ ನೋಡಿದರೆ ರಿಂಕಾನ್ ಬೆಟ್ಟಗಳ ಮಾದರಿಯ ಪರೀಕ್ಷೆ ಇಲ್ಲಿಯೂ ನಡೆಯಬಲ್ಲದು. ಅದಕ್ಕೆ ಮೊದಲು ರಾಳ ತೆಗೆಯಲು ಕೆತ್ತಿದ ಗಾಯವನ್ನು ಬೆಂಕಿಯ ಗಾಯದಿಂದ ಬೇರ್ಪಡಿಸಬೇಕು. ಕೆತ್ತಿದ ಗಾಯಕ್ಕೆ ಹತ್ಯಾರದ ನೇರ ಅಂಚಿದೆ, ಅದು ನೆಲದಿಂದ ಹಬ್ಬಿರುವುದಿಲ್ಲ, ಇಳಿಜಾರಿನ ಯಾವ ಬದಿಯಲ್ಲಾದರೂ ಇರಬಹುದು. ಆದರೆ ರಾಳ ಸುರಿಯುವ ಆ ಕೆತ್ತನೆಗೆ ಬೆಂಕಿ ಬೇಗ ಹತ್ತುವುದರಿಂದ, ಕೆತ್ತಿಸಿಕೊಂಡ ಮರವೇ ಮುಂದಿನ ಬೆಂಕಿಗಳಿಗೆ ದಾಖಲೆ ಮರವೂ ಆಗಿರಬಹುದು.