ಐದು ಸಾವಿರ ಕಂಬಳಿಯ ಲೆಕ್ಕ

2019ರ ಆಗಸ್ಟ್. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿದ ವಾರ. ಬೆಳಗಾವಿ, ಬಾಗಲಕೋಟೆ ಕಡೆ ಊರಿಗೆ ಊರೇ ನೀರಿನಲ್ಲಿ. ನಿಮಗೆ ನೆನಪಿರಬಹುದು, ಆಗ ರಾಜ್ಯಕ್ಕೆ ಮುಖ್ಯಮಂತ್ರಿ ಇದ್ದರು, ಸಚಿವ ಸಂಪುಟ ಇರಲಿಲ್ಲ. ರಾತ್ರಿ ಬುಲೆಟಿನ್ ಮುಗಿಯುವ ಹೊತ್ತಿಗೆ ನಾನು ಕ್ಯಾಮೆರಾ ಮುಂದೆ ಕೈಮುಗಿದು ಕೇಳಿಕೊಂಡೆ, "ನಿಮ್ಮ ಮನೆಯಲ್ಲಿ ಏನಿದೆಯೋ ಅದನ್ನ ತಂದು ಕೊಡಿ." ಹೇಳುವಾಗ ಗಂಟಲು ಕಟ್ಟಿತ್ತು. ನಾಟಕ ಅಲ್ಲ, ನಿಜವಾಗಿಯೂ ಕಟ್ಟಿತ್ತು.

ಮೂರೇ ದಿನ. ಕಚೇರಿಯ ಪಾರ್ಕಿಂಗ್‌ನಲ್ಲಿ ಬೈಕ್ ನಿಲ್ಲಿಸೋಕೆ ಜಾಗ ಇಲ್ಲ. ಚೀಲದ ಮೇಲೆ ಚೀಲ. ಲಾರಿಗೆ ತುಂಬಿಸಿ ಕಳಿಸಿದೆವು, ನಾನೂ ಹಿಂದೆಯೇ ಹೋದೆ. ಒಂದು ಸರ್ಕಾರಿ ಶಾಲೆಯಲ್ಲಿ ಪರಿಹಾರ ಕೇಂದ್ರ. ಚೀಲ ಬಿಚ್ಚಿದಾಗ ಏನು ಬಂತು ಹೇಳಿ? ಜರಿ ಕಿತ್ತ ಲೆಹಂಗಾ. ಕೋಟು. ಎಡಗಾಲಿನ ಹೈಹೀಲ್ಸ್ ಚಪ್ಪಲಿ, ಬಲಗಾಲಿನದ್ದು ಎಲ್ಲೂ ಇಲ್ಲ. ಗುಂಡಿ ಇಲ್ಲದ ಅಂಗಿಗಳು, ಲಾಡಿ ಇಲ್ಲದ ಲಂಗಗಳು. ಒಬ್ಬ ಅಜ್ಜಿ ಒಂದು ಲೆಹಂಗಾ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮಡಚಿಟ್ಟು ನನಗೆ ಹೇಳಿದರು, "ತಮ್ಮಾ, ಅರಿವಿ ಚಲೋ ಅದಾವು. ಇವನ್ನ ಉಟ್ಕೊಂಡು ನಾ ಎಲ್ಲಿಗಿ ಹೋಗ್ಲಿ ಹೇಳು? ಒಂದು ಕೊಡ, ಒಂದು ಬಕೀಟು ಇದ್ರ ಕೊಡಪಾ."

ನಮ್ಮ ಲಾರಿಯಲ್ಲಿ ಒಂದೂ ಕೊಡ ಇರಲಿಲ್ಲ. ಯಾಕೆ ಇರಲಿಲ್ಲ? ನಾನು ಕೇಳಿರಲಿಲ್ಲ, ಅದಕ್ಕೆ. ಮನೆಯಲ್ಲಿ ಏನಿದೆಯೋ ಅದು ಅಂದಿದ್ದೆ. ಜನ ಮನೆಯಲ್ಲಿ ಇದ್ದದ್ದನ್ನೇ ತಂದರು. ತಪ್ಪು ಜನರದ್ದಲ್ಲ.

ವಾಪಸ್ ಬಂದ ಮೇಲೆ, ಮೈಕ್ ಮುಂದೆ ಕೂತು ಜನರ ಹತ್ತಿರ ಸಾಮಾನು ಕೇಳಿದವರು ಬೇರೆ ಯಾರಿದ್ದಾರೆ, ಅವರು ಹೇಗೆ ಕೇಳಿದರು ಅಂತ ಹುಡುಕಲು ಶುರುಮಾಡಿದೆ. ಹುಡುಕಾಟ ಪ್ಯಾರಿಸ್‌ಗೆ, 1954ರ ಚಳಿಗಾಲಕ್ಕೆ ಕರೆದುಕೊಂಡು ಹೋಯಿತು.

ಎರಡನೇ ಮಹಾಯುದ್ಧ ಮುಗಿದು ಒಂಬತ್ತು ವರ್ಷ ಆಗಿತ್ತು. ಬಾಂಬಿಗೆ ಬಿದ್ದ ಮನೆಗಳ ಜಾಗದಲ್ಲಿ ಹೊಸ ಮನೆ ಎದ್ದಿರಲಿಲ್ಲ. ಸರ್ಕಾರದ ದುಡ್ಡು ಮೊದಲು ರೈಲು, ಕಾರ್ಖಾನೆ, ವಿದ್ಯುತ್ತಿಗೆ ಹೋಗಿತ್ತು. ಕೆಲಸ ಇದ್ದವರಿಗೂ ಮನೆ ಇಲ್ಲ. ಸಂಬಳ ತೆಗೆದುಕೊಳ್ಳುವ ಕಾರ್ಮಿಕರು ಹೆಂಡತಿ ಮಕ್ಕಳ ಜೊತೆ ಗುಡಾರದಲ್ಲಿ, ಹಳೇ ಬಸ್ಸಿನೊಳಗೆ, ಸೇತುವೆ ಕೆಳಗೆ ಮಲಗುತ್ತಿದ್ದರು. ಬಾಡಿಗೆ ಕಟ್ಟದಿದ್ದರೆ ಚಳಿಗಾಲದಲ್ಲೂ ಹೊರಗೆ ಹಾಕಬಹುದಿತ್ತು. ಕಾನೂನು ಹಾಗಿತ್ತು.

ಇಂಥವರ ಮಧ್ಯೆ ಒಬ್ಬ ಪಾದ್ರಿ. ಹುಟ್ಟು ಹೆಸರು ಆನ್ರಿ ಗ್ರೂಯೆಸ್. 1912ರಲ್ಲಿ ಲಿಯೋನ್ ನಗರದ ಅನುಕೂಲಸ್ಥ ಕುಟುಂಬದಲ್ಲಿ ಹುಟ್ಟಿದವರು. ಯುದ್ಧದ ಕಾಲದಲ್ಲಿ ನಾಜಿಗಳ ವಿರುದ್ಧ ಭೂಗತ ಹೋರಾಟಕ್ಕೆ ಇಳಿದಾಗ ಇಟ್ಟುಕೊಂಡ ಗುಪ್ತ ಹೆಸರು ಅಬ್ಬೆ ಪಿಯೇರ್. ಅದೇ ಉಳಿದುಬಿಟ್ಟಿತು. ಯುದ್ಧದ ನಂತರ ಸಂಸದರೂ ಆದರು. ಪ್ಯಾರಿಸ್ ಹೊರವಲಯದ ನ್ಯೂಯಿ-ಪ್ಲೆಸಾನ್ಸ್‌ನಲ್ಲಿ ಒಂದು ಪಾಳು ಮನೆ ಹಿಡಿದು ರಿಪೇರಿ ಮಾಡಿಕೊಂಡರು.

1949ರಲ್ಲಿ ಅವರನ್ನು ಒಬ್ಬ ಮನುಷ್ಯನ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಹೆಸರು ಜಾರ್ಜ್. ಕೊಲೆ ಅಪರಾಧಕ್ಕೆ ಫ್ರೆಂಚ್ ಗಯಾನಾದ ಕೈದಿಗಳ ವಸಾಹತಿನಲ್ಲಿ ವರ್ಷಗಟ್ಟಲೆ ಶಿಕ್ಷೆ ಅನುಭವಿಸಿ ಬಂದು, ಬದುಕು ಸಾಕಾಗಿ ಆತ್ಮಹತ್ಯೆಗೆ ಯತ್ನಿಸಿದವನು. ಪಾದ್ರಿ ಅವನಿಗೆ ಬುದ್ಧಿ ಹೇಳಲಿಲ್ಲ, ದುಡ್ಡೂ ಕೊಡಲಿಲ್ಲ. ಕೊಡಲು ನನ್ನ ಹತ್ತಿರ ಏನೂ ಇಲ್ಲ, ಮನೆ ಇಲ್ಲದವರಿಗೆ ಮನೆ ಕಟ್ಟುತ್ತಿದ್ದೇನೆ, ಬಂದು ಕೈ ಜೋಡಿಸ್ತೀಯಾ ಅಂತ ಕೇಳಿದರು. ಅವನು ಬಂದ. ಎಮ್ಮಾಯುಸ್ ಅನ್ನುವ ಸಂಸ್ಥೆಯ ಮೊದಲ ಸಂಗಾತಿ ಅವನೇ.

1951ರಲ್ಲಿ ಸಂಸದ ಸ್ಥಾನ ಹೋಯಿತು, ಸಂಬಳವೂ ಹೋಯಿತು. ಊಟಕ್ಕೆ ಜನ ಇದ್ದಾರೆ, ಕಾಸಿಲ್ಲ. ಪಾದ್ರಿ ಪ್ಯಾರಿಸ್ ಬೀದಿಯಲ್ಲಿ ಕೈ ಚಾಚಿದರು. ಸಂಗಾತಿಗಳಿಗೆ ಇದು ಹಿಡಿಸಲಿಲ್ಲ. ಅವರಲ್ಲೇ ಕಸ ಆಯುವ ಕಸುಬು ಗೊತ್ತಿದ್ದವರು ದಾರಿ ತೋರಿಸಿದರು. ಜನ ಎಸೆಯುವ ಚಿಂದಿ, ಕಬ್ಬಿಣ, ಕಾಗದ, ಮುರಿದ ಕುರ್ಚಿ ತಂದು, ಬೇರ್ಪಡಿಸಿ, ರಿಪೇರಿ ಮಾಡಿ ಮಾರುವುದು. ನಮ್ಮ ಬೀದಿಗಳಲ್ಲಿ ಹಳೇ ಪೇಪರ್, ಹಳೇ ಕಬ್ಬಿಣ ಅಂತ ಕೂಗಿಕೊಂಡು ಬರ್ತಾರಲ್ಲ, ಅದೇ. ವ್ಯತ್ಯಾಸ ಒಂದೇ, ಇಲ್ಲಿ ಬಂದ ಲಾಭದಲ್ಲಿ ಇನ್ನೊಬ್ಬರಿಗೆ ಸೂರು ಏಳುತ್ತಿತ್ತು. ಅದೂ ಸಾಲದೆ 1952ರಲ್ಲಿ ಪಾದ್ರಿ ರೇಡಿಯೋ ಲಕ್ಸೆಂಬರ್ಗ್‌ನ ಕ್ವಿಜ್ ಕಾರ್ಯಕ್ರಮಕ್ಕೆ ಹೋಗಿ 2,56,000 ಫ್ರಾಂಕ್ ಗೆದ್ದರು! ಅವರ ಕಾಲದ ಕೋಟ್ಯಧಿಪತಿ ಅಂದುಕೊಳ್ಳಿ. ನನ್ನಂಥ ಟೀವಿಯವನಿಗೆ ಈ ಭಾಗ ತುಂಬಾ ಇಷ್ಟ.

ಈಗ 1954ಕ್ಕೆ ಬನ್ನಿ. ಜನವರಿ ಮೊದಲ ವಾರ. ತುರ್ತು ವಸತಿಗೆ ನೂರು ಕೋಟಿ ಫ್ರಾಂಕ್ ಕೊಡಿ ಅನ್ನುವ ಪ್ರಸ್ತಾವ ಸಂಸತ್ತಿನ ಮೇಲ್ಮನೆಯಲ್ಲಿ ಬಿದ್ದುಹೋಯಿತು. ಅದೇ ರಾತ್ರಿ ನ್ಯೂಯಿ-ಪ್ಲೆಸಾನ್ಸ್‌ನಲ್ಲಿ ಹಳೇ ಬಸ್ಸಿನೊಳಗೆ ಒಂದು ಹಸುಗೂಸು ಚಳಿಗೆ ಸತ್ತಿತು. ಪಾದ್ರಿ ವಸತಿ ಸಚಿವ ಮೊರೀಸ್ ಲೆಮೇರ್‌ಗೆ ಬಹಿರಂಗ ಪತ್ರ ಬರೆದು ಮಗುವಿನ ಅಂತ್ಯಸಂಸ್ಕಾರಕ್ಕೆ ಆಹ್ವಾನ ಕೊಟ್ಟರು. ಸಚಿವರು ಬಂದರು. ಶವಪೆಟ್ಟಿಗೆಯ ಹಿಂದೆ ನಡೆದರು. ಆದರೂ ಕೆಲಸ ಆಗಲಿಲ್ಲ.

ಫೆಬ್ರವರಿ 1. ತಾಪಮಾನ ಸೊನ್ನೆಗಿಂತ ಹತ್ತು ಡಿಗ್ರಿಗೂ ಕೆಳಗೆ. ಬೆಳಗಿನ ಜಾವ ಮೂರು ಗಂಟೆಗೆ ಸೆಬಾಸ್ತೊಪೋಲ್ ಬುಲ್ವಾರ್ಡ್‌ನ ಕಾಲುದಾರಿಯಲ್ಲಿ ಒಬ್ಬ ಹೆಂಗಸು ಹೆಪ್ಪುಗಟ್ಟಿ ಸತ್ತಳು. ಕೈಯಲ್ಲಿ ಒಂದು ಕಾಗದ. ಮನೆ ಖಾಲಿ ಮಾಡಿಸಿದ ಆದೇಶ.

ಅವತ್ತು ಅಬ್ಬೆ ಪಿಯೇರ್ ರೇಡಿಯೋ ಲಕ್ಸೆಂಬರ್ಗ್‌ನ ಮೈಕ್ ಮುಂದೆ ನಿಂತರು. ಆ ಮನವಿಯ ದಾಖಲೆ ಇವತ್ತಿಗೂ ಇದೆ. ನಾನು ಅದನ್ನು ಎಂಜಿನಿಯರಿಂಗ್ ಓದಿದವನ ಕಣ್ಣಲ್ಲಿ ನೋಡಿದೆ. ಅದರಲ್ಲಿ ಕಣ್ಣೀರು ಇದೆ, ಇಲ್ಲ ಅಂತಲ್ಲ. ಸತ್ತ ಹೆಂಗಸಿನಿಂದಲೇ ಶುರುವಾಗುತ್ತದೆ. ಆದರೆ ಕಣ್ಣೀರಿನ ಹಿಂದೆಯೇ ಒಂದು ಪಟ್ಟಿ ಬರುತ್ತದೆ. 5,000 ಕಂಬಳಿ. 300 ದೊಡ್ಡ ಅಮೆರಿಕನ್ ಡೇರೆ. ಜ್ವಾಲೆ ಇಲ್ಲದೆ ಶಾಖ ಕೊಡುವ 200 ಒಲೆ. ಯಾವಾಗ ಬೇಕು? ಇವತ್ತು ಸಂಜೆಗೆ, ತಪ್ಪಿದರೆ ನಾಳೆಗೆ. ಎಲ್ಲಿಗೆ ತರಬೇಕು? ಹೋಟೆಲ್ ರೋಚೆಸ್ಟರ್, 92, ಲಾ ಬೊಯೆಸಿ ರಸ್ತೆ.

ಏನು, ಎಷ್ಟು, ಯಾವಾಗ, ಎಲ್ಲಿಗೆ. ಅಷ್ಟೇ. ಡೇರೆಗೆ ಡೇರೆ ಅಂತಲೇ ಹೇಳಿದ್ದಾರೆ. ಕೇಳಿಸಿಕೊಂಡ ಗೃಹಿಣಿಗೆ ಅಟ್ಟದ ಮೇಲಿನ ಯಾವ ಗಂಟು ಇಳಿಸಬೇಕು ಅನ್ನುವುದು ಆ ಕ್ಷಣಕ್ಕೆ ಗೊತ್ತಾಗುತ್ತೆ. ನನ್ನ ಮನವಿಯಲ್ಲಿ ಈ ನಾಲ್ಕರಲ್ಲಿ ವಿಳಾಸ ಒಂದೇ ಇತ್ತು.

ಆಮೇಲೆ ಆದದ್ದನ್ನು ಫ್ರೆಂಚರು ಒಳ್ಳೆಯತನದ ದಂಗೆ ಅಂತಲೇ ಕರೆಯುತ್ತಾರೆ. ಹೋಟೆಲ್ ತುಂಬಿತು. ಕಂಬಳಿ, ಕೋಟು, ಒಲೆ, ಹಣ ಎಲ್ಲ ಬಂತು. ಬಳಕೆ ನಿಂತುಹೋಗಿದ್ದ ಓರ್ಸೇ ರೈಲು ನಿಲ್ದಾಣವನ್ನು ಗೋದಾಮು ಮಾಡಿದರು. ನಿಮ್ಮ ಪೈಕಿ ಯಾರಾದರೂ ಪ್ಯಾರಿಸ್ ಪ್ರವಾಸಕ್ಕೆ ಹೋಗಿದ್ದರೆ ಆ ಕಟ್ಟಡದಲ್ಲಿ ಫೋಟೋ ತೆಗೆಸಿಕೊಂಡಿರುತ್ತೀರಿ. ಈಗ ಅದು ಓರ್ಸೇ ಮ್ಯೂಸಿಯಂ. ಚಿತ್ರಗಳು ತೂಗುವ ಜಾಗದಲ್ಲಿ ಆಗ ಹಳೇ ಬಟ್ಟೆಯ ರಾಶಿ. ಒಟ್ಟು 50 ಕೋಟಿ ಫ್ರಾಂಕ್ ಸಂಗ್ರಹವಾಯಿತು. ಚಾರ್ಲಿ ಚಾಪ್ಲಿನ್ ಒಬ್ಬರೇ 20 ಲಕ್ಷ ಕೊಟ್ಟರು. ಇದು ದಾನ ಅಲ್ಲ, ನಾನು ಹಿಂದೆ ಆಗಿದ್ದ, ತೆರೆಯ ಮೇಲೆ ಮಾಡಿದ ಅಲೆಮಾರಿಗೆ ಸೇರಿದ ದುಡ್ಡು, ಅದನ್ನ ಹಿಂದಿರುಗಿಸ್ತಿದ್ದೇನೆ ಅನ್ನುವ ಅರ್ಥದ ಮಾತು ಅವರದ್ದು.

ಆದರೆ ಕಥೆ ಕಂಬಳಿಗೇ ನಿಂತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಜನವರಿಯಲ್ಲಿ ನೂರು ಕೋಟಿ ಕೊಡಲು ಒಪ್ಪದ ಸಂಸತ್ತು, ಕೆಲವೇ ವಾರಗಳಲ್ಲಿ ಸಾವಿರ ಕೋಟಿ ಫ್ರಾಂಕ್ ಮಂಜೂರು ಮಾಡಿತು. 12,000 ತುರ್ತು ಮನೆಗಳಿಗೆ. ಕೇಳಿದ್ದರ ಹತ್ತು ಪಟ್ಟು! 1956ರ ಡಿಸೆಂಬರ್‌ನಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಬಾಡಿಗೆದಾರರನ್ನು ಹೊರಗೆ ಹಾಕುವಂತಿಲ್ಲ ಅನ್ನುವ ಕಾನೂನು ಬಂತು. ಅದು ಇವತ್ತಿಗೂ ಜಾರಿಯಲ್ಲಿದೆ. ಮನೆಮನೆಯಿಂದ ಕಂಬಳಿ ಬಂದದ್ದನ್ನು ನೋಡಿ ಆಳುವವರಿಗೆ ನಾಚಿಕೆ ಆಯಿತು. ನಮ್ಮಲ್ಲಿ ಉಲ್ಟಾ. ಜನ ಕೊಡ್ತಿದ್ದಾರೆ ಅಂತ ಗೊತ್ತಾದರೆ ಸರ್ಕಾರ ಸ್ವಲ್ಪ ನಿರಾಳವಾಗಿ ಕೂರುತ್ತೆ. ಇದು ನನ್ನ ಅಭಿಪ್ರಾಯ, ಒಪ್ಪದವರು ಒಪ್ಪಬೇಡಿ.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಅಬ್ಬೆ ಪಿಯೇರ್ 2007ರಲ್ಲಿ ತೀರಿಕೊಂಡರು, ರಾಷ್ಟ್ರದ ಆರಾಧ್ಯ ವ್ಯಕ್ತಿಯಾಗಿ. 2024ರಲ್ಲಿ ಅವರೇ ಕಟ್ಟಿದ ಸಂಸ್ಥೆ ತನಿಖೆ ಮಾಡಿಸಿ, ಅವರಿಂದ ಲೈಂಗಿಕ ದೌರ್ಜನ್ಯ ಆಗಿತ್ತು ಅಂತ ಹಲವು ಮಹಿಳೆಯರು ಕೊಟ್ಟ ಹೇಳಿಕೆಗಳನ್ನು ತಾನೇ ಪ್ರಕಟಿಸಿತು. ಅವರ ಹೆಸರಿನಲ್ಲಿದ್ದ ಪ್ರತಿಷ್ಠಾನ ಹೆಸರನ್ನೇ ಬದಲಾಯಿಸಿಕೊಂಡಿತು. ಈ ಲೇಖನ ಬರೆಯುವಾಗ ಅವರನ್ನ ಬಿಟ್ಟು ಬೇರೆ ಯಾರನ್ನಾದರೂ ಆರಿಸಿಕೊಳ್ಳಲಾ ಅಂತ ಎರಡು ದಿನ ಯೋಚಿಸಿದೆ. ಬಿಡಲಿಲ್ಲ. ಕಂಬಳಿ ಹೊತ್ತು ತಂದವರು ಪ್ಯಾರಿಸ್‌ನ ಜನ, ಚಿಂದಿ ಆಯ್ದವರು ಜಾರ್ಜ್‌ನಂಥವರು. ಪಾದ್ರಿಯನ್ನ ದೇವರು ಮಾಡದೆಯೂ ಅವರ ಕಥೆ ಹೇಳಬಹುದು. ಆದರೆ ಆ ಮಹಿಳೆಯರ ಮಾತನ್ನ ಬಿಟ್ಟು ಹೇಳಲು ಬರುವುದಿಲ್ಲ.

ಹತ್ತಿರದ ಕಥೆಗೆ ಬರೋಣ. 2004ರ ಡಿಸೆಂಬರ್ 26, ಸುನಾಮಿ. ತಮಿಳುನಾಡಿನ ಕರಾವಳಿಗೆ ದೇಶದ ಮೂಲೆ ಮೂಲೆಯಿಂದ ಹಳೇ ಬಟ್ಟೆ ಹರಿದು ಬಂತು. ಮೀನುಗಾರರು ಬೇಡ ಅಂದರು. ಮನೆ ಕಳಕೊಂಡಿದ್ದೇವೆ, ಮಾನ ಕಳಕೊಂಡಿಲ್ಲ ಅನ್ನುವ ಹಾಗೆ. ರಸ್ತೆ ಬದಿಯಲ್ಲಿ ಬಟ್ಟೆ ರಾಶಿ ಬಿದ್ದು ಕೊಳೆಯತೊಡಗಿತು. ಅದನ್ನು ಎತ್ತಿ, ಬೇರ್ಪಡಿಸಿ, ಬಳಕೆಗೆ ತಂದದ್ದು ದೆಹಲಿಯ ಗೂಂಜ್ ಸಂಸ್ಥೆ. ಅನ್ಶು ಗುಪ್ತಾ ಕಂಪನಿ ಕೆಲಸ ಬಿಟ್ಟು 1999ರಲ್ಲಿ ಶುರುಮಾಡಿದ್ದು, ಮನೆಯ 67 ಬಟ್ಟೆಗಳಿಂದ. 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಗೂಂಜ್‌ನಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಅದರ ಸಾರ್ಟಿಂಗ್. ಬಂದ ಬಟ್ಟೆ ಹಾಗೇ ಮುಂದೆ ಹೋಗಲ್ಲ. ಗುಂಡಿ ಹಾಕಬೇಕು, ಲಂಗಕ್ಕೆ ಲಾಡಿ ಪೋಣಿಸಬೇಕು, ಯಾವ ಊರಿಗೆ ಯಾವ ಉಡುಪು ಅಂತ ನೋಡಬೇಕು. ಉಡಲು ಬಾರದ ಹತ್ತಿ ಬಟ್ಟೆ ಹೆಣ್ಣುಮಕ್ಕಳ ಮುಟ್ಟಿನ ಪ್ಯಾಡ್ ಆಗುತ್ತದೆ. ಇನ್ನೊಂದು ಮುಖ್ಯ ಸಂಗತಿ, ಹಳ್ಳಿಯಲ್ಲಿ ಇದನ್ನು ಪುಕ್ಕಟೆ ಹಂಚುವುದಿಲ್ಲ. ಊರಿನವರು ತಮಗೆ ಏನು ಬೇಕು ಅಂತ ತಾವೇ ತೀರ್ಮಾನಿಸಿ ಬಾವಿ ತೋಡುತ್ತಾರೆ, ಬಿದಿರಿನ ಸೇತುವೆ ಕಟ್ಟುತ್ತಾರೆ, ರಸ್ತೆ ಸರಿಮಾಡುತ್ತಾರೆ. ಆ ದುಡಿಮೆಗೆ ಪ್ರತಿಫಲವಾಗಿ ಬಟ್ಟೆ, ಪಾತ್ರೆ. ಜಾರ್ಜ್‌ಗೆ ಪಾದ್ರಿ ಕೇಳಿದ್ದೂ ಇದನ್ನೇ ಅಲ್ವಾ?

ಹಳೇ ಬಟ್ಟೆಗೆ ಬೆಲೆ ಇದೆ ಅನ್ನೋದು ನಮಗೆ ಹೊಸ ವಿಷಯ ಅಲ್ಲ. ಉತ್ತರ ಕರ್ನಾಟಕದ ಯಾವ ಮನೆಗೆ ಬೇಕಾದರೂ ಹೋಗಿ, ಕೌದಿ ಇರುತ್ತೆ. ಹರಿದ ಸೀರೆ, ಸವೆದ ಧೋತರ ಪದರ ಪದರ ಜೋಡಿಸಿ ಹೊಲಿದದ್ದು. ನನ್ನ ಚಿಕ್ಕಂದಿನಲ್ಲಿ ಬೀದಿಗೆ ಸ್ಟೀಲ್ ಪಾತ್ರೆ ಹೊತ್ತು ಬರುವ ಹೆಂಗಸು ಅಮ್ಮನ ಸೀರೆಯನ್ನ ಬೆಳಕಿಗೆ ಹಿಡಿದು, ತೂತು ಹುಡುಕಿ, ಡಬ್ಬಿಯ ಬದಲು ಲೋಟ ಕೊಡುತ್ತಿದ್ದಳು. ಅರ್ಧ ಗಂಟೆ ಚೌಕಾಸಿ. ಆ ಹೆಂಗಸಿನಷ್ಟು ಕಟ್ಟುನಿಟ್ಟಾಗಿ ನಮ್ಮ ಪಾರ್ಕಿಂಗ್‌ನಲ್ಲಿ ಒಬ್ಬರು ಕೂತಿದ್ದರೂ ಆ ಲಾರಿಯಲ್ಲಿ ಲೆಹಂಗಾ ಹೋಗುತ್ತಿರಲಿಲ್ಲ.

ಆಮೇಲಿನ ಮಳೆಗಾಲದಲ್ಲಿ ಮತ್ತೆ ಮನವಿ ಮಾಡುವ ಸಂದರ್ಭ ಬಂತು. ಈ ಸಲ ಮೊದಲು ಊರಿಗೆ ಫೋನ್ ಮಾಡಿದೆ. ಶಾಲೆಯ ಮೇಷ್ಟ್ರು ಹೇಳಿದ್ದನ್ನ ಬರೆದುಕೊಂಡೆ. ಮುಚ್ಚಳ ಇರುವ ಕೊಡ, ಬಕೆಟ್, ಚಾಪೆ, ಟಾರ್ಪಾಲು, ಮಕ್ಕಳ ಸ್ವೆಟರ್. ಪ್ರತಿಯೊಂದರ ಮುಂದೆ ಸಂಖ್ಯೆ. ಅದನ್ನೇ ತೆರೆಯ ಮೇಲೆ ಹಾಕಿ ಓದಿದೆ. ಬಟ್ಟೆ ಬೇಡ ಅಂತಲೂ ಹೇಳಿದೆ. "ಏನ್ ಸರ್, ದಿನಸಿ ಚೀಟಿ ಓದಿದ ಹಾಗೆ ಓದಿದ್ರಿ, ಫೀಲೇ ಇರಲಿಲ್ಲ" ಅಂತ ನಮ್ಮ ಪ್ರೊಡ್ಯೂಸರ್ ಬೈದ. ಬಂದದ್ದು ಒಂದೂವರೆ ಲಾರಿ. ಹಿಂದಿನ ಸಲದ ಅರ್ಧವೂ ಇಲ್ಲ. ಅದರಲ್ಲಿ ವಾಪಸ್ ತಂದದ್ದು ಒಂದು ಚೀಲ.

ಅದೇ ವಾರ ನನ್ನ ಅಟ್ಟವನ್ನೂ ಇಳಿಸಿದೆ. ಕಾಲೇಜಿನ ಡ್ರಾಫ್ಟರ್ ಸಿಕ್ಕಿತು. ಅದು ನನ್ನದೂ ಅಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ಕೊಳ್ಳಲು ದುಡ್ಡಿಲ್ಲದಾಗ ಸೀನಿಯರ್ ಒಬ್ಬ ಕೊಟ್ಟದ್ದು. ಕೊಡುವ ಮುಂಚೆ ಅವನು ನನ್ನ ಎದುರೇ ಬೋರ್ಡಿಗೆ ಹಾಕಿ ಗೆರೆ ಎಳೆದು, "ನೋಡು ಮಾರಾಯಾ, ಈ ಸ್ಕ್ರೂ ಸ್ವಲ್ಪ ಲೂಸ್ ಇದೆ, ಎರಡು ಶೀಟ್‌ಗೊಮ್ಮೆ ಬಿಗಿ ಮಾಡ್ಕೋ" ಅಂದಿದ್ದ. ನಮ್ಮ ಕಚೇರಿಯ ಡ್ರೈವರ್ ಅವರ ಮಗಳಿಗೆ ಆ ವರ್ಷ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಮೊದಲು ಅವಳನ್ನೇ ಕೇಳಿದೆ. "ಡ್ರಾಫ್ಟರ್ ಯಾರೂ ಬಳಸಲ್ಲ ಅಂಕಲ್, ಡ್ರಾಯಿಂಗ್ ಎಲ್ಲ ಕಂಪ್ಯೂಟರ್‌ನಲ್ಲೇ. ಕ್ಯಾಲ್ಕುಲೇಟರ್ ಇದ್ರೆ ಕೊಡಿ" ಅಂದಳು. ಕ್ಯಾಲ್ಕುಲೇಟರ್ ಇತ್ತು. ಸೆಲ್ ಬದಲಾಯಿಸಿ, ಎಲ್ಲ ಬಟನ್ ಒತ್ತಿ ನೋಡಿ ಕೊಟ್ಟೆ. ಏಳರ ಬಟನ್ ಸ್ವಲ್ಪ ಜೋರಾಗಿ ಒತ್ತಬೇಕು. ಅದನ್ನೂ ಹೇಳಿದೆ.