ನೆಲಹಾಸು ಅಳವಡಿಸುವ ಮುನ್ನ ಕಾಂಕ್ರೀಟ್ ತಳದ ತೇವಾಂಶ ಪರೀಕ್ಷೆ

(ಸಾರ್ವಜನಿಕರ ಮಾಹಿತಿಗಾಗಿ)

ಕಡಪ ಕಲ್ಲು, ಗ್ರಾನೈಟ್ ಮೊದಲಾದವುಗಳನ್ನು ಸಿಮೆಂಟ್ ಗಾರೆಯ ಮೇಲೆ ಹಾಸುವ ಪದ್ಧತಿಯಲ್ಲಿ ತಳದ ಕಾಂಕ್ರೀಟಿನ ತೇವಾಂಶವು ಅಷ್ಟಾಗಿ ತೊಂದರೆ ನೀಡುವುದಿಲ್ಲ. ಆಸ್ಪತ್ರೆಗಳಲ್ಲಿ ವಿನೈಲ್ ಹಾಳೆ, ಒಳಾಂಗಣ ಕ್ರೀಡಾಂಗಣಗಳಲ್ಲಿ ಮರದ ನೆಲಹಾಸು ಬಳಕೆಗೆ ಬಂದ ನಂತರ ಈ ವಿಷಯವು ಮಹತ್ವ ಪಡೆದಿರುತ್ತದೆ. ವಿನೈಲ್ ಹಾಳೆಯು ಆವಿಯನ್ನು ಹೊರಬಿಡುವುದಿಲ್ಲ. ಮೇಲೇರುವ ತೇವವು ಕಾಂಕ್ರೀಟಿನ ಕ್ಷಾರವನ್ನೂ ಹೊತ್ತು ತಂದು ಅಂಟನ್ನು ಸಡಿಲಗೊಳಿಸುತ್ತದೆ. ಹಾಳೆ ಉಬ್ಬಿ ಜೋಡಣೆ ಬಿಡುತ್ತದೆ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಹೀಗಾದಲ್ಲಿ ಶುಚಿತ್ವಕ್ಕೆ ಧಕ್ಕೆಯಾಗುವುದಲ್ಲದೆ, ದುರಸ್ತಿಗಾಗಿ ಕೊಠಡಿಯನ್ನೇ ಮುಚ್ಚಬೇಕಾಗುತ್ತದೆ.

28 ದಿನ ಕಳೆದರೆ ಕಾಂಕ್ರೀಟ್ ಒಣಗಿತೆಂಬ ಭಾವನೆ ವ್ಯಾಪಕವಾಗಿದೆ. ಆ ಅವಧಿಯು ಬಲದ ಪರೀಕ್ಷೆಗೆ ಸಂಬಂಧಿಸಿದ್ದೇ ಹೊರತು ಒಣಗುವಿಕೆಗಲ್ಲ. 50 ಕಿಲೋಗ್ರಾಂ ಸಿಮೆಂಟ್ ಚೀಲಕ್ಕೆ ಸಾಮಾನ್ಯವಾಗಿ 22ರಿಂದ 25 ಲೀಟರ್ ನೀರು ಬೆರೆಸಲಾಗುತ್ತದೆ. ಸಿಮೆಂಟಿನೊಡನೆ ರಾಸಾಯನಿಕವಾಗಿ ಕೂಡುವುದು ಅದರ ಅರ್ಧದಷ್ಟು ಮಾತ್ರ. ಉಳಿದ ನೀರಿನ ಬಹುಪಾಲು ಒಳಗೇ ಇರುತ್ತದೆ, ಕ್ಯೂರಿಂಗ್ ನೀರು ಬೇರೆ. ಅನುಕೂಲಕರ ಹವೆಯಲ್ಲಿ 25 ಮಿಲಿಮೀಟರ್ ದಪ್ಪಕ್ಕೆ ಒಂದು ತಿಂಗಳು ಎಂಬುದು ಸ್ಥೂಲ ಅಂದಾಜು. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಈ ಅಂದಾಜು ನಡೆಯುವುದಿಲ್ಲ.

ಸುಲಭದ ಪರೀಕ್ಷೆಯೆಂದರೆ 18 ಅಂಗುಲ ಚೌಕದ ಪಾರದರ್ಶಕ ಪಾಲಿಥೀನ್ ಹಾಳೆಯ ಅಂಚುಗಳನ್ನು ಅಂಟುಪಟ್ಟಿಯಿಂದ ನೆಲಕ್ಕೆ ಮುಚ್ಚಿ, ಕನಿಷ್ಠ 16 ಗಂಟೆಗಳ ನಂತರ ತೆಗೆದು ನೋಡುವುದು. ಹನಿ ಕಂಡರೆ ಅಥವಾ ನೆಲ ಕಪ್ಪಾಗಿದ್ದರೆ ಒಣಗಿಲ್ಲವೆಂದೇ ಅರ್ಥ. ಆದರೆ ಏನೂ ಕಾಣದಿದ್ದ ಮಾತ್ರಕ್ಕೆ ಒಣಗಿದೆಯೆಂದು ತೀರ್ಮಾನಿಸತಕ್ಕದ್ದಲ್ಲ. ಮಳೆಗಾಲದಲ್ಲಿ ಹರಳುಪ್ಪು ನೀರೊಡೆಯುವಂತೆ ಕ್ಯಾಲ್ಸಿಯಂ ಕ್ಲೋರೈಡ್ ತೇವ ಹೀರುತ್ತದೆ; ಅದನ್ನು ಮುಚ್ಚಿದ ಗುಮ್ಮಟದಡಿ 60ರಿಂದ 72 ಗಂಟೆ ಇರಿಸಿ, ಹೆಚ್ಚಿದ ತೂಕದಿಂದ ಲೆಕ್ಕ ಹಾಕುವ ಕ್ರಮವೂ ಉಂಟು. ಇದು ಮೇಲ್ಪದರದ ಸ್ಥಿತಿಯನ್ನಷ್ಟೇ ತಿಳಿಸುತ್ತದೆ.

ಹೆಚ್ಚು ವಿಶ್ವಾಸಾರ್ಹವಾದುದು ಒಳಗಿನ ಸಾಪೇಕ್ಷ ಆರ್ದ್ರತೆಯ ಮಾಪನ. ಒಂದೇ ಬದಿಯಿಂದ ಒಣಗುವ ತಳದಲ್ಲಿ ದಪ್ಪದ ಶೇಕಡಾ 40ರಷ್ಟು ಆಳಕ್ಕೆ, ಅಂದರೆ 100 ಮಿಲಿಮೀಟರ್ ದಪ್ಪವಿದ್ದಲ್ಲಿ 40 ಮಿಲಿಮೀಟರ್, ರಂಧ್ರ ಕೊರೆದು, ಧೂಳು ತೆಗೆದು, ಕೊಳವೆಯಿಂದ ಮುಚ್ಚಿ, 24 ಗಂಟೆಗಳ ನಂತರ ಸಂವೇದಕದಿಂದ ಓದತಕ್ಕದ್ದು. ಮೊದಲ 1000 ಚದರ ಅಡಿಗೆ ಮೂರು, ನಂತರದ ಪ್ರತಿ 1000 ಚದರ ಅಡಿಗೆ ಒಂದರಂತೆ ಪರೀಕ್ಷೆ ಅವಶ್ಯ. ಶೇಕಡಾ 75ರ ಮಿತಿ ರೂಢಿಯಲ್ಲಿದ್ದರೂ ಅಂಟು ಮತ್ತು ನೆಲಹಾಸಿನ ತಯಾರಕರು ನಮೂದಿಸಿದ ಮಿತಿಯೇ ಅಂತಿಮ.

ನೆಲಮಟ್ಟದ ತಳದಡಿ ತೇವನಿರೋಧಕ ಹಾಳೆ ಇಲ್ಲದಿದ್ದಲ್ಲಿ ಬೇಸಿಗೆಯ ಓದನ್ನು ನಂಬಲಾಗದು. ಮಳೆ ಬಂದೊಡನೆ ಭೂಮಿಯ ತೇವ ಮತ್ತೆ ಏರುತ್ತದೆ. ಇಂತಹ ಕಡೆ ಮೊದಲು ತೇವ ತಡೆಯುವ ಲೇಪನ ಮಾಡಿಸುವುದು ಸೂಕ್ತ.

ಉದ್ಘಾಟನೆಯ ದಿನಾಂಕ ಗೊತ್ತಾದ ಮೇಲೆ ಈ ಪರೀಕ್ಷೆಯೇ ಮೊದಲು ಕೈಬಿಟ್ಟುಹೋಗುವುದುಂಟು. ಹಾಸಿದ ನಂತರ ದೋಷವು ತಳದ್ದೋ, ಅಂಟಿನದೋ, ಕೆಲಸದ್ದೋ ಎಂಬ ವಿವಾದದಲ್ಲಿ ವೆಚ್ಚ ಯಾರದೆಂಬುದು ನಿರ್ಧಾರವಾಗುವುದಿಲ್ಲ. ಆದ್ದರಿಂದ ಓದಿನ ದಿನಾಂಕ, ಸ್ಥಳ, ಆಳ, ಕೊಠಡಿಯ ಉಷ್ಣಾಂಶಗಳನ್ನು ನಮೂದಿಸಿ, ಗುತ್ತಿಗೆದಾರರ ಸಹಿಯನ್ನು ಹಾಸುವ ಮುನ್ನವೇ ಪಡೆಯತಕ್ಕದ್ದು. ಸ್ವಂತ ಮನೆ ಕಟ್ಟಿಸುವವರೂ ಇದರ ಒಂದು ಪ್ರತಿಯನ್ನು ಬಿಲ್ಲಿನೊಡನೆ ಇರಿಸಿಕೊಳ್ಳಬಹುದು.