ಕಾರ್ಡೋವದ ಬೆಸ್ತರೂ ಲೋಕದ ಕನಿಕರವೂ

ಆಪತ್ತಿಗೆ ಗುರಿಯಾದ ಜನರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಆಪತ್ತಿನ ಕಾರಣವನ್ನೂ ನಷ್ಟದ ಲೆಕ್ಕವನ್ನೂ ಕೊಟ್ಟು ನಿಲ್ಲಿಸುವರು. ಆದರೆ ಹೊರಗಿನ ಲೋಕವು ಆ ಜನರನ್ನು ಯಾವ ಕಣ್ಣಿನಿಂದ ನೋಡಿತು, ದಿನ ಕಳೆದಂತೆ ಆ ನೋಟವು ಹೇಗೆ ಮಾರ್ಪಟ್ಟಿತು ಎಂಬುದೂ ಚರಿತ್ರೆಗೆ ಸೇರಿದ ವಿಷಯವೇ ಆಗಿದೆ. ಬರಗಾಲದಲ್ಲಾಗಲಿ ನೆರೆಯಲ್ಲಾಗಲಿ ನೊಂದವನು ಕೈಯೊಡ್ಡಿದರೆ ಲೋಕವು ಕೊಡುವುದು, ಕೊಟ್ಟು ಮರೆಯುವುದು. ಮನುಷ್ಯನ ಅಜಾಗ್ರತೆಯಿಂದ ಸಂಭವಿಸಿದ ಆಪತ್ತಿನಲ್ಲಾದರೋ ನೊಂದವನು ದಾನವನ್ನು ಬೇಡುವುದಿಲ್ಲ, ನ್ಯಾಯವನ್ನು ಕೇಳುತ್ತಾನೆ. ಹಾಗೆ ಕೇಳುವವನ ವಿಷಯದಲ್ಲಿ ಲೋಕದ ಮನಸ್ಸು ಎಷ್ಟು ಬೇಗ ತಿರುಗುವುದೆಂಬುದಕ್ಕೆ ೧೯೮೯ರಲ್ಲಿ ಅಲಾಸ್ಕಾ ತೀರದಲ್ಲಿ ನಡೆದ ತೈಲಪಾತವೂ, ಅದರ ಮುಂದಿನ ಇಪ್ಪತ್ತು ವರ್ಷಗಳ ವೃತ್ತಾಂತವೂ ಸಾಕ್ಷಿಯಾಗಿವೆ.

ಅಲಾಸ್ಕಾವು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಉತ್ತರದ ತುದಿಯಲ್ಲಿರುವ ಪ್ರಾಂತ. ಅದರ ದಕ್ಷಿಣ ತೀರದಲ್ಲಿ ಹಿಮನದಿಗಳಿಂದಲೂ ದ್ವೀಪಗಳಿಂದಲೂ ಆವೃತವಾದ ಒಂದು ಒಳಗಡಲಿದೆ. ಅದಕ್ಕೆ ಪ್ರಿನ್ಸ್ ವಿಲಿಯಮ್ ಸೌಂಡ್ ಎಂದು ಹೆಸರು. ಅದರ ಪೂರ್ವಭಾಗದಲ್ಲಿರುವ ಕಾರ್ಡೋವವು ಸುಮಾರು ಎರಡೂವರೆ ಸಾವಿರ ಜನರ ಊರು. ಅಲ್ಲಿಗೆ ಹೋಗಲು ಹಡಗು ಅಥವಾ ವಿಮಾನವೇ ಗತಿ, ಹೊರಗಿನಿಂದ ರಸ್ತೆಯಿಲ್ಲ. ಸಾಲ್ಮನ್ ಎಂಬ ಮೀನೂ, ಕನ್ನಡ ಕರಾವಳಿಯವರಿಗೆ ಪರಿಚಿತವಾದ ಬೂತಾಯಿಯ ದೂರದ ಬಂಧುವಾದ ಹೆರಿಂಗ್ ಮೀನೂ ಆ ಊರಿನ ಜೀವಾಳ. ಒಳಗಡಲಿನ ಬೇರೆ ಬೇರೆ ತೀರಗಳಲ್ಲಿ ಟಾಟಿಟ್ಲೆಕ್, ಚೆನೇಗಾ ಬೇ ಮೊದಲಾದ ಮೂಲನಿವಾಸಿಗಳ ಹಳ್ಳಿಗಳಿವೆ. ಇವರಿಗೆ ಕಡಲು ವ್ಯಾಪಾರದ ಸ್ಥಳ ಮಾತ್ರವಲ್ಲ, ಊಟದ ಉಗ್ರಾಣವೂ ಹೌದು.

ಈ ಬೆಸ್ತರು ತೈಲದ ಭಯವನ್ನು ಮೊದಲೇ ಕಂಡಿದ್ದರು. ಅಲಾಸ್ಕಾದ ಉತ್ತರ ತೀರದಲ್ಲಿ ದೊರೆತ ಕಲ್ಲೆಣ್ಣೆಯನ್ನು ೮೦೦ ಮೈಲಿಗಳ ಕೊಳವೆಯ ಮೂಲಕ ವಾಲ್ಡೀಜ್ ಬಂದರಿಗೆ ತಂದು, ಅಲ್ಲಿಂದ ಹಡಗುಗಳಲ್ಲಿ ಸಾಗಿಸುವ ಯೋಜನೆಯಾದಾಗ, ಕಾರ್ಡೋವದ ಮೀನುಗಾರರ ಸಂಘವು ೧೯೭೧ರಲ್ಲಿ ಅದರ ವಿರುದ್ಧ ನ್ಯಾಯಸ್ಥಾನಕ್ಕೆ ಹೋಯಿತು. ಆದರೆ ೧೯೭೩ರಲ್ಲಿ ಇನ್ನು ಇಂತಹ ದಾವೆಗಳಿಗೆ ಎಡೆಯಿಲ್ಲದಂತೆ ಮಾಡುವ ತಿದ್ದುಪಡಿಯು ಸೆನೆಟ್ ಸಭೆಯಲ್ಲಿ ಸಮಸಮ ಮತಗಳನ್ನು ಪಡೆಯಿತು. ಉಪಾಧ್ಯಕ್ಷ ಸ್ಪೈರೋ ಆಗ್ನ್ಯೂ ತಮ್ಮ ಒಂದು ಮತವನ್ನು ಕೊಟ್ಟು ಅದನ್ನು ಗೆಲ್ಲಿಸಿದರು. ಅದೇ ವರ್ಷದ ಕೊನೆಯಲ್ಲಿ ಅರಬ್ ದೇಶಗಳು ತೈಲವನ್ನು ತಡೆಹಿಡಿಯಲು, ರಾಷ್ಟ್ರಕ್ಕೆ ಎಣ್ಣೆಯ ಚಿಂತೆಯ ಮುಂದೆ ಬೇರೆ ಚಿಂತೆಯಿಲ್ಲದಂತಾಯಿತು. ೧೯೭೭ರ ಆಗಸ್ಟ್ ತಿಂಗಳಲ್ಲಿ ಮೊದಲನೆಯ ತೈಲದ ಹಡಗು ವಾಲ್ಡೀಜನ್ನು ಬಿಟ್ಟಿತು. ಬೆಸ್ತರ ಅಂಜಿಕೆಯನ್ನು ಆ ಕಾಲದ ಲೋಕವು ಪ್ರಗತಿಗೆ ಅಡ್ಡಬರುವ ಹಳಬರ ಗೊಣಗಾಟವೆಂದೇ ಎಣಿಸಿತು.

ಅಲಾಸ್ಕಾದ ಇತರ ಜನರ ಮನಸ್ಸೂ ಇಬ್ಬಗೆಯಾಗಿತ್ತು. ಪ್ರಾಂತದ ಆದಾಯದಲ್ಲಿ ನೂರಕ್ಕೆ ಎಂಬತ್ತಕ್ಕೂ ಮೇಲ್ಪಟ್ಟು ತೈಲದಿಂದಲೇ ಬರುತ್ತಿತ್ತು. ೧೯೮೨ರಿಂದ ಆ ಹಣದ ಬಡ್ಡಿಯಲ್ಲಿ ಒಂದು ಪಾಲು ಪ್ರತಿಯೊಬ್ಬ ನಿವಾಸಿಯ ಕೈಗೂ ಬರುವ ಏರ್ಪಾಡಾಯಿತು. ತೈಲಪಾತವಾದ ೧೯೮೯ರಲ್ಲಿಯೂ ತಲೆಗೆ ೮೭೩ ಡಾಲರುಗಳಂತೆ ಹಂಚಲಾಯಿತು. ಉಂಡ ಮನೆಗೆ ಎರಡೆಣಿಸಲಾರದ ಈ ಸಂಕೋಚವು ಮುಂದಿನ ಕಥೆಯಲ್ಲೆಲ್ಲ ಒಳಹರಿವಾಗಿ ಹರಿದಿದೆ.

೧೯೮೯ನೆಯ ಮಾರ್ಚ್ ೨೪ರಂದು, ಗುಡ್ ಫ್ರೈಡೇ ದಿವಸ, ನಡುರಾತ್ರಿ ಕಳೆದು ಕೆಲವು ನಿಮಿಷಗಳಾಗಿದ್ದಾಗ, ಎಕ್ಸಾನ್ ವಾಲ್ಡೀಜ್ ಎಂಬ ಹಡಗು ೫ ಕೋಟಿ ೩೦ ಲಕ್ಷ ಗ್ಯಾಲನ್ ಕಚ್ಚಾ ತೈಲವನ್ನು ಹೊತ್ತು ಸಾಗುತ್ತ ಬ್ಲೈ ಎಂಬ ಬಂಡೆಸಾಲಿಗೆ ಬಡಿಯಿತು. ಸುಮಾರು ೧ ಕೋಟಿ ೧೦ ಲಕ್ಷ ಗ್ಯಾಲನ್ ತೈಲವು ಕಡಲಿಗೆ ಹರಿಯಿತು. ಮೊದಲನೆಯ ಮೂರು ದಿನ ಕಡಲು ಶಾಂತವಾಗಿತ್ತು. ಆದರೆ ತೈಲವನ್ನು ತಡೆಯಬೇಕಾದ ದೋಣಿಯು ದುರಸ್ತಿಯಲ್ಲಿತ್ತು, ಸಾಮಗ್ರಿಯು ಸಾಲದಾಗಿತ್ತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತಾಯಿತು. ಅನಂತರ ಬಿರುಗಾಳಿಯೆದ್ದು ತೈಲವು ನೈರುತ್ಯಕ್ಕೆ ಹರಡಿತು. ಕಾಲಕ್ರಮದಲ್ಲಿ ಸುಮಾರು ೧,೩೦೦ ಮೈಲಿಗಳ ತೀರವನ್ನು ಅದು ಮುಟ್ಟಿತು.

ಆ ದಿನಗಳಲ್ಲಿ ಕಾರ್ಡೋವದ ಬೆಸ್ತರು ಕೈಕಟ್ಟಿ ಕುಳಿತಿರಲಿಲ್ಲ. ಸಾಲ್ಮನ್ ಮರಿಗಳನ್ನು ಸಾಕಿ ಕಡಲಿಗೆ ಬಿಡುವ ಕೇಂದ್ರಗಳು ಒಳಗಡಲಿನಲ್ಲಿದ್ದುವು. ಅವುಗಳಲ್ಲಿ ಒಂದು ಚೆನೇಗಾ ಬೇ ಹಳ್ಳಿಯ ಸಮೀಪದ ಸಾಮಿಲ್ ಕೊಲ್ಲಿಯಲ್ಲಿತ್ತು. ಬೆಸ್ತರು ತಮ್ಮ ಚಿಕ್ಕ ದೋಣಿಗಳನ್ನು ಒಟ್ಟುಗೂಡಿಸಿಕೊಂಡು ಹೋಗಿ, ಕೊಲ್ಲಿಯ ಬಾಯಿಗೆ ತೇಲುಬೇಲಿಗಳನ್ನು ಕಟ್ಟಿ, ಬಕೆಟುಗಳಲ್ಲಿ ಎಣ್ಣೆಯನ್ನು ಮೊಗೆದು ಆ ಕೇಂದ್ರಗಳನ್ನು ಉಳಿಸಿದರು. ತೈಲಪಾತದ ಮೊದಲ ವಾರಗಳಲ್ಲಿ ನಡೆದ ಕೆಲಸಗಳಲ್ಲಿ ನಿಜವಾಗಿ ಫಲಿಸಿದ ಕೆಲವೇ ಕೆಲಸಗಳಲ್ಲಿ ಇದೊಂದು.

ಲೋಕದ ಕನಿಕರವು ಆಗ ಉಕ್ಕಿ ಹರಿಯಿತು. ಸಾವಿರಾರು ಜನ ಆ ಕಂಪನಿಯ ಸಾಲದ ಚೀಟಿಗಳನ್ನು ಕತ್ತರಿಸಿ ಹಿಂದಕ್ಕೆ ಕಳುಹಿದರು. ಕಂಪನಿಯು ದಿನಪತ್ರಿಕೆಗಳಲ್ಲಿ ಪುಟ ತುಂಬ ಕ್ಷಮಾಪಣೆಯನ್ನು ಅಚ್ಚುಹಾಕಿಸಿತು. ಆದರೆ ಆ ಕನಿಕರವು ಯಾರ ಮೇಲೆ ಹರಿಯಿತೆಂಬುದನ್ನು ವಿಚಾರಿಸಬೇಕು. ಚಿತ್ರಗಳಲ್ಲಿ ಲೋಕವು ಕಂಡದ್ದು ಎಣ್ಣೆ ಹತ್ತಿದ ಹಕ್ಕಿಯನ್ನು, ನಡುಗುವ ಕಡಲ ನೀರುನಾಯಿಯನ್ನು. ಸುಮಾರು ಎರಡೂವರೆ ಲಕ್ಷ ಕಡಲಹಕ್ಕಿಗಳೂ ೨,೮೦೦ ನೀರುನಾಯಿಗಳೂ ಸತ್ತುವೆಂದು ಅಂದಾಜು ಮಾಡಲಾಗಿದೆ. ಆ ದುಃಖವು ಸುಳ್ಳಲ್ಲ. ನೀರುನಾಯಿಗಳ ಶುಶ್ರೂಷೆಗೆ ೧ ಕೋಟಿ ೮೦ ಲಕ್ಷ ಡಾಲರುಗಳಷ್ಟು ವೆಚ್ಚವಾಯಿತು. ಬದುಕಿದ ಒಂದೊಂದಕ್ಕೆ ೮೦,೦೦೦ ಡಾಲರುಗಳಿಗೂ ಮೇಲೆ ಬಿದ್ದಿತು. ಅದನ್ನು ಅತಿಯೆಂದು ಆಗ ಗೊಣಗಿದವರು ವಿರಳ. ಮೂಕಪ್ರಾಣಿಯು ಏನನ್ನೂ ಕೇಳುವುದಿಲ್ಲ, ಯಾರ ಮೇಲೆಯೂ ದೂರುಹೇಳುವುದಿಲ್ಲ. ಆದುದರಿಂದ ಅದಕ್ಕೆ ಮರುಗುವುದು ಸುಲಭ. ಅದೇ ತೀರದ ಮನುಷ್ಯನಿಗೆ ಮರುಗುವುದು ಅಷ್ಟು ಸುಲಭವಾಗಲಿಲ್ಲ.

ಲೋಕದ ಸಿಟ್ಟೂ ಹೀಗೆಯೇ ಸುಲಭವಾದ ಗುರಿಯನ್ನು ಹುಡುಕಿತು. ಹಡಗಿನ ಕಪ್ತಾನ ಜೋಸೆಫ್ ಹೇಜಲ್‌ವುಡ್ ಕುಡಿದಿದ್ದನೆಂಬ ಮಾತೊಂದೇ ಎಲ್ಲರ ಬಾಯಲ್ಲಿಯೂ ನಿಂತಿತು. ೧೯೯೦ರಲ್ಲಿ ಜೂರಿಯು ಆ ಆರೋಪದಿಂದ ಅವನನ್ನು ಬಿಡುಗಡೆ ಮಾಡಿ, ಅಜಾಗ್ರತೆಯಿಂದ ತೈಲವನ್ನು ಚೆಲ್ಲಿದ ಅಲ್ಪಾಪರಾಧವನ್ನು ಮಾತ್ರ ಎತ್ತಿಹಿಡಿಯಿತು. ಅಧಿಕೃತ ವಿಚಾರಣೆಯಲ್ಲಿಯಾದರೋ ಕಪ್ತಾನನ ತಪ್ಪಿನೊಡನೆ ನಿದ್ದೆಗೆಟ್ಟ ನಾವಿಕರು, ಅವರಿಗೆ ವಿಶ್ರಾಂತಿಯನ್ನು ಒದಗಿಸದ ಕಂಪನಿ, ಹಡಗುದಾರಿಯ ಕಾವಲಿನ ಕೊರತೆ ಇವೆಲ್ಲವೂ ಕಾರಣಗಳೆಂದು ಕಂಡುಬಂದಿತು. ಒಬ್ಬನ ಕುಡಿತದ ಕಥೆಯು ನೆನಪಿನಲ್ಲಿ ಉಳಿಯುವುದು. ಏರ್ಪಾಡಿನ ದೋಷವು ಉಳಿಯುವುದಿಲ್ಲ.

ಚೆನೇಗಾದವರ ಸಂಗತಿಯು ಇದಕ್ಕಿಂತಲೂ ಶೋಚನೀಯ. ೧೯೬೪ನೆಯ ಮಾರ್ಚ್ ೨೭ರಂದು, ಅದೂ ಗುಡ್ ಫ್ರೈಡೇ ದಿವಸವೇ, ಭೂಕಂಪವಾಗಿ ಎದ್ದ ಹೆದ್ದೆರೆಯು ಅವರ ಹಳೆಯ ಹಳ್ಳಿಯನ್ನು ಕೊಚ್ಚಿಕೊಂಡುಹೋಗಿ, ಜನರಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಡಿದಿದ್ದರು. ಉಳಿದವರು ಇಪ್ಪತ್ತು ವರ್ಷ ಚದುರಿ ಬಾಳಿ, ೧೯೮೪ರಲ್ಲಿ ಇವಾನ್ಸ್ ದ್ವೀಪದಲ್ಲಿ ಹೊಸ ಹಳ್ಳಿಯನ್ನು ಕಟ್ಟಿಕೊಂಡರು. ಐದು ವರ್ಷ ತುಂಬುವಷ್ಟರಲ್ಲಿ ತೈಲವು ಅಲ್ಲಿಗೂ ಬಂದಿತು. ಸೀಲುಪ್ರಾಣಿ, ಮೀನು, ಚಿಪ್ಪುಮೀನುಗಳನ್ನು ತಿಂದು ಬಾಳಿದವರಿಗೆ ಅವುಗಳಲ್ಲಿ ಯಾವುದು ಶುದ್ಧ, ಯಾವುದು ವಿಷ ಎಂಬುದು ತಿಳಿಯದಾಯಿತು. ಪರೀಕ್ಷೆ ಮಾಡಿದ ಪಂಡಿತರು ಮೀನನ್ನು ತಿನ್ನಬಹುದು, ಎಣ್ಣೆ ಹತ್ತಿದ ತೀರದ ಚಿಪ್ಪುಮೀನನ್ನು ತಿನ್ನಬಾರದು ಎಂದರು. ತಿನ್ನಲು ಬದಲು ಪದಾರ್ಥಗಳು ಬಂದುವು. ಹೊಟ್ಟೆಗೆ ಸಿಕ್ಕಿತಷ್ಟೆ ಎಂದು ಹೊರಗಿನವರು ತೃಪ್ತರಾದರು. ಆದರೆ ಬೇಟೆಯನ್ನು ಹಂಚಿಕೊಂಡು ತಿನ್ನುವುದರಲ್ಲಿ, ಹಿರಿಯನು ಕಿರಿಯನಿಗೆ ಕಡಲನ್ನು ಕಲಿಸುವುದರಲ್ಲಿ ಒಂದು ಕುಲದ ಬಾಳುವೆಯೇ ಅಡಗಿದೆಯೆಂಬುದು ಡಬ್ಬಿಯ ಆಹಾರವನ್ನು ಕಳುಹಿಸಿದವರಿಗೆ ಕಾಣಲಿಲ್ಲ.

ಅನಂತರ ಹಣ ಬಂದಿತು. ಅದರ ಹಿಂದೆ ಸಂಶಯವೂ ಬಂದಿತು. ಕಂಪನಿಯು ತೀರವನ್ನು ತೊಳೆಯಲು ಹತ್ತು ಸಾವಿರಕ್ಕೂ ಮೇಲ್ಪಟ್ಟು ಜನರನ್ನೂ ಸುಮಾರು ಸಾವಿರ ದೋಣಿಗಳನ್ನೂ ನೇಮಿಸಿತು. ತೊಳೆಯುವ ಕೂಲಿಗೆ ಗಂಟೆಗೆ ೧೬ ಡಾಲರು ೬೯ ಸೆಂಟು. ದೋಣಿಯ ಬಾಡಿಗೆಯಾದರೋ ದಿನಕ್ಕೆ ಸಾವಿರಾರು ಡಾಲರು. ಬಾಡಿಗೆಗೆ ಹೋದವನು ಒಂದೇ ಬೇಸಿಗೆಯಲ್ಲಿ ಧನಿಕನಾದನು. ತನ್ನ ಕಡಲನ್ನು ಕೆಡಿಸಿದವರ ಹಣವನ್ನು ಮುಟ್ಟೆನೆಂದವನೂ, ಕರೆ ಬಾರದವನೂ ಬರಿಗೈಯಲ್ಲಿ ಉಳಿದರು. ಧನಿಕರಾದವರನ್ನು ‘ತೈಲದ ಕೋಟ್ಯಧೀಶರು’ ಎಂಬ ಅರ್ಥದ ಹಾಸ್ಯನಾಮದಿಂದ ಕರೆಯುವುದು ರೂಢಿಯಾಯಿತು. ಆ ಹೆಸರು ಹೊರಗೆ ಹರಡಿ, ಕೆಲವರ ಲಾಭವು ಎಲ್ಲರ ಲಾಭವೆಂಬ ಭಾವನೆಯನ್ನು ಬೆಳೆಸಿತು. ಮೇಲಾಗಿ ತೈಲವು ನೈರುತ್ಯಕ್ಕೆ ಹೋಗಿದ್ದುದರಿಂದ ಕಾರ್ಡೋವದ ಸ್ವಂತ ತೀರದಲ್ಲಿ ಎಣ್ಣೆಯ ಕಲೆಯಿರಲಿಲ್ಲ. ಕಣ್ಣಿಗೆ ಕಾಣುವ ಗಾಯವನ್ನು ಹುಡುಕಿದವರಿಗೆ ಅಲ್ಲಿ ಗಾಯ ಕಾಣಲಿಲ್ಲ. ಮೀನು ಹಿಡಿಯುವ ನೀರು ಒಂದೆಡೆ, ಮನೆ ಒಂದೆಡೆ ಎಂಬುದನ್ನು ಯಾರು ತಾನೇ ವಿವರಿಸುತ್ತ ಕೂರುವರು?

ಗಾಯವು ತಡವಾಗಿ ಕಾಣಿಸಿತು. ೧೯೯೨, ೧೯೯೩ನೆಯ ವರ್ಷಗಳಲ್ಲಿ ನಸುಗೆಂಪು ಸಾಲ್ಮನ್ ಮೀನು ಎಣಿಸಿದಷ್ಟು ಬರಲಿಲ್ಲ. ೧೯೯೩ರಲ್ಲಿ ಹೆರಿಂಗ್ ಮೀನಿನ ಸಂತಾನವೇ ಕುಸಿಯಿತು. ಆ ಕುಸಿತಕ್ಕೆ ತೈಲವೇ ಕಾರಣವೋ, ರೋಗ ಮೊದಲಾದುವು ಕಾರಣವೋ ಎಂಬ ವಿಷಯದಲ್ಲಿ ವಿಜ್ಞಾನಿಗಳಲ್ಲಿ ಏಕಾಭಿಪ್ರಾಯವಿಲ್ಲ. ಆದರೆ ಬಲೆ, ದೋಣಿ, ಪರವಾನಗಿಗಳಿಗಾಗಿ ಸಾಲಮಾಡಿದವನಿಗೆ ಆ ವಾದವು ತೀರುವವರೆಗೆ ಕಾಯುವ ಶಕ್ತಿಯಿರಲಿಲ್ಲ. ಆ ಆಗಸ್ಟಿನಲ್ಲಿ ಬೆಸ್ತರು ತಮ್ಮ ದೋಣಿಗಳನ್ನು ವಾಲ್ಡೀಜಿನ ಇಕ್ಕಟ್ಟಾದ ಕಡಲದಾರಿಗೆ ಅಡ್ಡನಿಲ್ಲಿಸಿ ತೈಲದ ಹಡಗುಗಳನ್ನು ಕೆಲವು ದಿನ ತಡೆದರು. ೧೯೮೯ರಲ್ಲಿ ಲೋಕವೆಲ್ಲ ತಿರುಗಿ ನೋಡಿದ್ದ ಕಡಲಿನಲ್ಲಿ ಈಗ ತಮ್ಮ ಮಾತು ಕೇಳಿಸಬೇಕಾದರೆ ದಾರಿಯನ್ನೇ ತಡೆಯಬೇಕಾಯಿತು. ಸ್ಟೀವನ್ ಪಿಕೂ ಮೊದಲಾದ ಸಮಾಜಶಾಸ್ತ್ರಜ್ಞರು ಕಾರ್ಡೋವವನ್ನು ತೈಲ ತಾಗದ ಪೀಟರ್ಸ್‌ಬರ್ಗ್ ಎಂಬ ಬೆಸ್ತರೂರಿನೊಡನೆ ಹೋಲಿಸಿ, ಕಾರ್ಡೋವದವರ ಮನೋವ್ಯಥೆಯು ವರ್ಷಗಳು ಕಳೆದರೂ ಇಳಿಯಲಿಲ್ಲವೆಂದು ತೋರಿಸಿದರು. ದೈವಕೃತವಾದ ಆಪತ್ತು ನೆರೆಹೊರೆಯವರನ್ನು ಹತ್ತಿರಕ್ಕೆ ತರುವುದು, ಮನುಷ್ಯಕೃತವಾದುದು ಅವರನ್ನು ತುಕ್ಕಿನಂತೆ ತಿನ್ನುವುದು ಎಂಬುದು ಇಂತಹ ಸಂಶೋಧನೆಗಳ ಸಾರಾಂಶ.

ವ್ಯಾಜ್ಯವು ಆ ತುಕ್ಕನ್ನು ಹೆಚ್ಚಿಸಿತು. ೧೯೯೪ರಲ್ಲಿ ಆಂಕರೇಜ್ ನಗರದ ಜೂರಿಯು ದಂಡರೂಪವಾಗಿ ೫೦೦ ಕೋಟಿ ಡಾಲರುಗಳನ್ನು ವಿಧಿಸಿದಾಗ, ದೂರದಲ್ಲಿದ್ದವರು ಆ ಅಂಕಿಯನ್ನು ನೋಡಿ, ಬೆಸ್ತರು ಗೆದ್ದರು, ಕಥೆ ಮುಗಿಯಿತು ಎಂದುಕೊಂಡರು. ಆದರೆ ಹಣವು ಕೈಗೆ ಬರಲಿಲ್ಲ. ಮೇಲಿನ ನ್ಯಾಯಸ್ಥಾನಗಳಲ್ಲಿ ಅದು ೨೦೦೬ರ ಹೊತ್ತಿಗೆ ೨೫೦ ಕೋಟಿಗೆ ಇಳಿಯಿತು; ೨೦೦೮ನೆಯ ಜೂನ್ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ೫೦ ಕೋಟಿ ೭೫ ಲಕ್ಷಕ್ಕೆ ಮಿತಿಗೊಳಿಸಿತು. ಮುಂದಿನ ವರ್ಷ ಅದಕ್ಕೆ ಬಡ್ಡಿಯೂ ಸೇರಿತು. ಫಿರ್ಯಾದಿಗಳು ೩೨,೦೦೦ಕ್ಕೂ ಮೇಲ್ಪಟ್ಟವರು. ಹಂಚಿದರೆ ಅಸಲಿನಲ್ಲಿ ತಲೆಗೆ ಸರಾಸರಿ ಹದಿನೈದು ಸಾವಿರ ಚಿಲ್ಲರೆ ಡಾಲರು. ಹತ್ತೊಂಬತ್ತು ವರ್ಷ ಕಾದವರಲ್ಲಿ ಅನೇಕರು ಅಷ್ಟರಲ್ಲಿ ತೀರಿಹೋಗಿದ್ದರು.

ಹೊರಗಿನವರ ಪಕ್ಷದಲ್ಲಿ ಹೇಳಬೇಕಾದುದೂ ಉಂಟು. ಕಂಪನಿಯು ತೀರವನ್ನು ತೊಳೆಯಲು ಸುಮಾರು ೨೦೦ ಕೋಟಿ ಡಾಲರುಗಳನ್ನು ವೆಚ್ಚಮಾಡಿತು. ತೀರ್ಪನ್ನು ಕಾಯದೆ ೩೦ ಕೋಟಿಯನ್ನು ನಷ್ಟಪಟ್ಟವರಿಗೆ ಕೊಟ್ಟಿತು. ಸಾಲ್ಮನ್ ಬೆಲೆಯು ಇಳಿಯಲು ಬೇರೆ ದೇಶಗಳ ಸಾಕುಮೀನೂ ಒಂದು ಕಾರಣ. ಇಷ್ಟು ಸಂಕೀರ್ಣವಾದ ಲೆಕ್ಕವನ್ನು ದೂರದ ಓದುಗನು ಬಿಡಿಸಿಕೊಳ್ಳಲಾರದೆ ಹೋದುದು ಆಶ್ಚರ್ಯವಲ್ಲ. ಆದರೆ ಲೆಕ್ಕವು ಬಿಡಿಸದಿದ್ದಾಗ, ಬಲಿಷ್ಠನ ಮಾತನ್ನು ನಂಬುವುದಕ್ಕಿಂತ ನೊಂದವನ ಮಾತನ್ನು ಸಂಶಯಿಸುವುದೇ ಲೋಕಕ್ಕೆ ಸುಲಭವಾಗಿ ತೋರಿತೆಂಬುದು ಗಮನಿಸತಕ್ಕ ಸಂಗತಿ.

ಹಾಗಾದರೆ ೧೯೮೯ರ ಆ ಕನಿಕರವೆಲ್ಲವೂ ವ್ಯರ್ಥವಾಯಿತೆ? ಪೂರ್ತಿಯಾಗಿ ಇಲ್ಲ. ಅದು ಬಿಸಿಯಾಗಿದ್ದಾಗಲೇ, ೧೯೯೦ನೆಯ ಆಗಸ್ಟ್ ತಿಂಗಳಲ್ಲಿ, ಅಮೆರಿಕಾ ಸರಕಾರವು ತೈಲಮಾಲಿನ್ಯದ ಶಾಸನವನ್ನು ಮಾಡಿ, ತೈಲದ ಹಡಗುಗಳಿಗೆ ಕ್ರಮಕ್ರಮವಾಗಿ ಜೋಡುಗೋಡೆಯ ಒಡಲನ್ನು ಕಡ್ಡಾಯಮಾಡಿತು. ಪ್ರಿನ್ಸ್ ವಿಲಿಯಮ್ ಸೌಂಡಿನ ಊರುಗಳ ಪ್ರತಿನಿಧಿಗಳಿಂದ ೧೯೮೯ರಲ್ಲಿ ಏರ್ಪಟ್ಟ ನಾಗರಿಕ ಸಲಹಾಮಂಡಲಿಗೆ ಆ ಶಾಸನದಿಂದ ಸ್ಥಿರತೆ ದೊರೆಯಿತು. ಅದರ ವೆಚ್ಚವನ್ನು ತೈಲದ ಸಂಸ್ಥೆಯೇ ಭರಿಸಬೇಕು, ಅದರ ಬಾಯನ್ನು ಮಾತ್ರ ಕಟ್ಟುವಂತಿಲ್ಲ. ತೈಲ ತುಂಬಿದ ಹಡಗಿನ ಜೊತೆಯಲ್ಲಿ ಕಾವಲುದೋಣಿಗಳು ಹೋಗುವುವು. ಬೆಸ್ತರ ನೂರಾರು ದೋಣಿಗಳಿಗೆ ವರ್ಷವರ್ಷವೂ ತೈಲವನ್ನು ತಡೆಯುವ ಅಭ್ಯಾಸ ನಡೆಯುವುದು. ೧೯೭೧ರಲ್ಲಿ ಯಾರ ಮಾತನ್ನು ಅಡ್ಡಿಯೆಂದು ತಳ್ಳಿಹಾಕಿದ್ದರೋ ಅವರಿಗೇ ಕಡಲನ್ನು ಕಾಯುವ ಕೆಲಸದಲ್ಲಿ ಸ್ಥಾನವು ದೊರೆಯಿತು.

ಮನಸ್ಸಿನಲ್ಲಿ ಮಾತ್ರ ಇದ್ದ ಮರುಕವು ಒಂದು ಬೇಸಿಗೆಯಲ್ಲಿ ಆರಿಹೋಯಿತು. ಶಾಸನವಾಗಿ, ಮಂಡಲಿಯಾಗಿ, ಕಾವಲುದೋಣಿಯಾಗಿ ರೂಪುಗೊಂಡ ಮರುಕವು, ಮರುಗಿದವರು ಮರೆತ ಮೇಲೆಯೂ ತನ್ನ ಕೆಲಸವನ್ನು ಮಾಡುತ್ತಿದೆ. ಹೆರಿಂಗ್ ಮೀನಾದರೋ ಮೊದಲಿನಂತೆ ಆ ಕಡಲಿಗೆ ಮರಳಲಿಲ್ಲ.